ಹೊಂಬಾಳಮ್ಮ ಕೋರ್ಟಿಗೆ ಒಯ್ದ ವಂತಿಗೆ

ಏ, ರಸ್ತೆ ಆಚೆ ನಿಂತಿರೋರೆಲ್ಲ ಸ್ವಲ್ಪ ಇತ್ತ ಕಿವಿ ಕೊಡಿ. ಆ ಕಬ್ಬಿನ ಟ್ರ್ಯಾಕ್ಟರ್ ದಾಟಿಕೊಳ್ಳಲಿ, ಅದರ ಸದ್ದಿನಲ್ಲಿ ನನ್ನ ದನಿ ನಿಮಗೆ ಕೇಳುವುದಿಲ್ಲ. ಹಾಂ, ಹೋಯಿತು. ಈಗ ಕೇಳಿ. ನಮ್ಮ ಬೀದಿಯ ಹೊಂಬಾಳಮ್ಮ ತಟ್ಟೆಯಲ್ಲಿ ಎಲೆ ಅಡಿಕೆ ಇಟ್ಟುಕೊಂಡು ಕೋರ್ಟಿಗೆ ಹೋದ ಕತೆ ಇದು. ಊರವರು ಅರ್ಧರ್ಧ ಹೇಳಿಕೊಂಡು ನಗುತ್ತಿದ್ದಾರೆ. ನಾನು ಪೂರ್ತಿ ಹೇಳುತ್ತೇನೆ. ಯಾವ ಊರಿನ ಕೋರ್ಟು ಅಂತ ಮಾತ್ರ ಕೇಳಬೇಡಿ. ಮಂಡ್ಯ, ಮದ್ದೂರು, ಮಳವಳ್ಳಿ ಮೂರೂ ಅಲ್ಲ. ಹೊಂಗೇಪುರ ಅಂತ ನಾನೇ ಒಂದು ಹೆಸರಿಟ್ಟುಕೊಂಡಿದ್ದೇನೆ, ಅದೇ ಇರಲಿ.

ಹೊಂಬಾಳಮ್ಮ ಅಂದರೆ ನಮ್ಮೂರಲ್ಲಿ ವಂತಿಗೆ ಎತ್ತುವವಳು. ಮಾರಮ್ಮನ ಗುಡಿಗೆ ಸುಣ್ಣ ಹೊಡೆಸಬೇಕಾದರೂ ಅವಳೇ, ನೀರಿನ ಟ್ಯಾಂಕಿನ ಮೋಟಾರು ಸುಟ್ಟು ಹೋದರೂ ಅವಳೇ. ಮನೆ ಮನೆಗೂ ಹೋಗಿ, ಅವರವರ ಕೈಲಾದಷ್ಟು ಹಾಕಿಸಿಕೊಂಡು, ಎಲೆ ಅಡಿಕೆ ಜೊತೆ ತಟ್ಟೆಯಲ್ಲಿಟ್ಟು ಎಲ್ಲರೆದುರು ಗುಡಿ ಜಗುಲಿ ಮೇಲೆ ಇಡುತ್ತಾಳೆ. ಮುಚ್ಚಿ ಕೊಡುವ ಹಾಗಿಲ್ಲ. ವಂತಿಗೆ ಕೊಟ್ಟವರು ಯಾರೇ ಆಗಲಿ, ಕೆಲಸ ಎಲ್ಲಿಗೆ ಬಂತು ಅಂತ ಕೇಳಬಹುದು. ಕೇಳಿದರೆ ಉತ್ತರ ಹೇಳಲೇಬೇಕು. ಇದು ನಮ್ಮ ಕಡೆಯ ಪದ್ಧತಿ.

ಇನ್ನು ಅವಳ ಕೇಸು. ಗಂಡ ತೀರಿಕೊಂಡ ಮೇಲೆ ನಾಲೆ ಪಕ್ಕದ ಗದ್ದೆಯನ್ನು ಮೈದುನ ಹೊನ್ನಯ್ಯ ಒಬ್ಬನೇ ಉಳತೊಡಗಿದ. ನನ್ನ ಗಂಡನ ಭಾಗ ಕೊಡು ಅಂತ ಇವಳು ಕೇಸು ಹಾಕಿದಳು. ಹಾಗಂತ ಮಾತು ಬಿಟ್ಟಿರಲಿಲ್ಲ. ಕೋರ್ಟಿನ ವಾಯಿದೆ ದಿನ ಹೊನ್ನಯ್ಯ ಬಸ್ಸಿನ ಮುಂದಿನ ಸೀಟಿನಲ್ಲಿ ಬಿಗಿದುಕೊಂಡು ಕೂತರೆ, ಅವನ ಹೆಂಡತಿ ಕೆಂಪಾಜಮ್ಮ ಹಿಂದೆ ಬಂದು ಹೊಂಬಾಳಮ್ಮನ ಪಕ್ಕ ಕೂತು ಅವರೆಕಾಯಿ ರೇಟು ಮಾತಾಡುತ್ತಿದ್ದಳು.

ಆ ಕೋರ್ಟಿನಲ್ಲಿ ಎಲ್ಲ ಇದೆ. ಬರುವ ಹೆಂಗಸರಿಗೆ ಒಂದು ಪಾಯಿಖಾನೆ ಮಾತ್ರ ಇಲ್ಲ. ಇದ್ದದ್ದು ಪೈಪು ಒಡೆದು, ಬೀಗ ಬಿದ್ದು, ಈಗ ಬೀಗಕ್ಕೂ ತುಕ್ಕು ಹಿಡಿದಿದೆ. ಹೋಗಬೇಕೆಂದರೆ ಬಸ್ ಸ್ಟ್ಯಾಂಡಿಗೇ ನಡೆಯಬೇಕು. ಅಲ್ಲಿನದಕ್ಕೆ ಒಳಗಿನಿಂದ ಹಾಕಿಕೊಳ್ಳಲು ಚಿಲಕವಿಲ್ಲ. ಹಾಗಾಗಿ ಹೆಂಗಸರು ಜೋಡಿಯಾಗಿ ಹೋಗುತ್ತಾರೆ. ಒಬ್ಬಳು ಒಳಗೆ, ಇನ್ನೊಬ್ಬಳು ಹೊರಗೆ ಬಾಗಿಲು ಹಿಡಿದುಕೊಂಡು.

ಒಂದು ವಾಯಿದೆಯ ದಿನವೂ ಹಾಗೇ ಆಯಿತು. ಹೊಂಬಾಳಮ್ಮನ ಲಾಯರು ಸುದರ್ಶನ್ ಬೇರೆ ಕೇಸಿಗೆ ಮಂಡ್ಯಕ್ಕೆ ಹೋಗಿದ್ದರು. ನಿಮ್ಮ ಹೆಸರು ಕೂಗುವುದು ಊಟದ ಮೇಲೆ ಅಂತ ಫೋನಿನಲ್ಲಿ ಹೇಳಿದ್ದರು. ಅದನ್ನು ನಂಬಿಕೊಂಡು ಹೊಂಬಾಳಮ್ಮ ಕೆಂಪಾಜಮ್ಮನನ್ನು ಕರೆದುಕೊಂಡು ಬಸ್ ಸ್ಟ್ಯಾಂಡಿಗೆ ಹೋದಳು. ಇತ್ತ ಹೆಸರು ಕೂಗಿಯೇಬಿಟ್ಟರು. ಹೊನ್ನಯ್ಯ ಎದ್ದು ನಿಂತ. ಕೇಸು ಹಾಕಿದವಳೇ ಇಲ್ಲ ಅಂತ ಕೇಸು ವಜಾ ಆಯಿತು.

ವಾಪಸು ಬಂದವಳಿಗೆ ಹೊನ್ನಯ್ಯ ಮೆಟ್ಟಿಲ ಮೇಲೇ ಸಿಕ್ಕಿದ.

"ಅತ್ಗೆ, ನಿನ್ ಕೇಸು ಓಯ್ತು ಕಣೋಗು."

"ಓಯ್ತಾ? ಎಲ್ಗೋಯ್ತಪ್ಪ, ನಾನಿಲ್ಲೇ ಇವ್ನಿ."

"ಕೂಗ್ದಾಗ ಇರ್ಲಿಲ್ವಲ್ಲ."

"ಅವ್ರು ಕೂಗೋಗಂಟ ಒಟ್ಟೆ ತಡ್ಕತದೇನ್ಲಾ?"

ಸುದರ್ಶನ್ ಮಾರನೇ ದಿನ ತಲೆ ಕೆರೆದುಕೊಂಡರು. ಕೇಸನ್ನು ಮತ್ತೆ ತೆಗೆದುಕೊಳ್ಳಿ ಅಂತ ಅರ್ಜಿ ಹಾಕೋಣ, ಅದಕ್ಕೂ ಕೋರ್ಟ್ ಫೀ ಕಟ್ಟಬೇಕು ಅಂದರು.

"ಆಗ ಕಟ್ಟಿದ್ನಲ್ಲ, ಅದೇನಾಯ್ತು ಸುದರ್ಸನಪ್ಪ?"

"ಅದು ಸರ್ಕಾರದ ಖಜಾನೆಗೆ ಹೋಯ್ತಮ್ಮ."

"ಸರ್ಕಾರ ಅದ್ರಲ್ಲಿ ಏನ್ ಮಾಡ್ತದೆ?"

"ಕೋರ್ಟು ನಡೆಸೋದು, ಕಟ್ಟಡ, ಕುರ್ಚಿ, ಫ್ಯಾನು, ಎಲ್ಲಾ ಒಟ್ಟಿಗೇ ಅಂದ್ಕೊಳ್ಳಿ."

"ಅಂಗಂದ್ರೆ ವಂತಿಗೆ ಅನ್ನು. ನಂದೂ ಸೇರ್ಕಂಡದೆ. ಮತ್ತೆ ಪಾಯ್ಖಾನೆ ಯಾಕಿಲ್ಲ?"

ಲಾಯರಿಗೆ ನಗು ಬಂತು, ಆದರೆ ತಡೆದುಕೊಂಡರು. ವಕೀಲರ ಸಂಘದವರು ಮೇಲಕ್ಕೆ ಬರೆದಿದ್ದಾರೆ, ಕೇಸು ಹಾಕುವವರು ಕಟ್ಟುವ ಫೀಸಿನಲ್ಲಿ ಒಂದು ಪಾಲು ಇಲ್ಲೇ ಉಳಿದರೆ ಈ ಕಟ್ಟಡಕ್ಕೆ ರಿಪೇರಿ ಮಾಡಿಸಬಹುದು ಅಂತ ಕೇಳಿದ್ದಾರೆ, ಇನ್ನೂ ಜವಾಬು ಬಂದಿಲ್ಲ ಅಂದರು. ಆಮೇಲೆ ಗಂಭೀರವಾದರು.

"ಅದನ್ನ ಬಿಡಿ. ನೀವು ಆವತ್ತು ಕೋರ್ಟಿಗೆ ಬಂದೇ ಇದ್ರಿ ಅಂತ ಜಡ್ಜ್ ನಂಬಬೇಕು. ನಂಬಲಿಲ್ಲ ಅಂದ್ರೆ ಗದ್ದೆ ಆಸೆ ಬಿಡಬೇಕಾಗುತ್ತೆ. ನೋಡಿದೋರು ಯಾರಿದ್ದಾರೆ?"

ಹೊನ್ನಯ್ಯ ಹೇಳುವವನಲ್ಲ, ಅವನನ್ನು ಬಿಟ್ಟರೆ ನೋಡಿದವಳು ಒಬ್ಬಳೇ. ಅವಳು ಹೊನ್ನಯ್ಯನ ಹೆಂಡತಿ. ಹೊಂಬಾಳಮ್ಮ ಆ ಹೆಸರು ಹೇಳದೆ ಎದ್ದು ಬಂದಳು. ಗಂಡನ ವಿರುದ್ಧ ಸಾಕ್ಷಿ ಹೇಳು ಅಂತ ಯಾವ ಬಾಯಲ್ಲಿ ಕೇಳುವುದು?

ಅರ್ಜಿಯ ವಾಯಿದೆ ಬಂತು. ಅವತ್ತು ಹೊಂಬಾಳಮ್ಮ ಬೇಗ ಹೋಗಿ, ಕೋರ್ಟಿನ ಅಂಗಳದ ಹೊಂಗೆ ಮರದ ಕೆಳಗೆ ಕಾಯುತ್ತಿದ್ದ ಹೆಂಗಸರ ಹತ್ತಿರವೆಲ್ಲ ವಂತಿಗೆ ಎತ್ತಿದಳು. ಮೇಲಿನಿಂದ ಜವಾಬು ಬರುವವರೆಗೆ ಯಾರು ತಡೆದುಕೊಂಡು ಕೂರುತ್ತಾರೆ ಅಂತ ಅವಳ ಲೆಕ್ಕ. ಯಾರೂ ಇಲ್ಲ ಅನ್ನಲಿಲ್ಲ. ಅದನ್ನು ತಟ್ಟೆಯಲ್ಲಿಟ್ಟು, ಎಲೆ ಅಡಿಕೆ ಮೇಲಿಟ್ಟು, ನೇರ ಆಫೀಸಿನೊಳಗೆ ಹೋಗಿ ಶಿರಸ್ತೇದಾರ್ ಪಾರ್ಥಸಾರಥಿಯವರ ಮೇಜಿನ ಮೇಲಿಟ್ಟಳು. ಕೋರ್ಟಿನ ಆಫೀಸೆಲ್ಲ ನೋಡಿಕೊಳ್ಳುವವರು ಅವರೇ. ನಿವೃತ್ತಿಗೆ ಹತ್ತಿರವಿದ್ದ ಮನುಷ್ಯ, ಹಾವು ಕಂಡವರ ಹಾಗೆ ಕುರ್ಚಿ ಸಮೇತ ಹಿಂದಕ್ಕೆ ಸರಿದರು.

"ತೆಗೀರಿ, ತೆಗೀರಿ. ಯಾರಾದ್ರೂ ಫೋಟೋ ಹೊಡೆದ್ರೆ ಲಂಚ ಅಂತಾರೆ. ನನ್ನ ಪಿಂಚಣಿ ಹೋಗುತ್ತೆ ಕಣಮ್ಮ."

"ಇದು ನಿಮ್ಗಲ್ಲ ಸಾಮಿ. ಪಾಯ್ಖಾನೆಗೆ."

"ಪಾಯಿಖಾನೆಗೆ ಯಾರಾದ್ರೂ ತಾಂಬೂಲ ಇಡ್ತಾರಾ?"

"ಗುಡಿಗಿಡ್ತೀವಲ್ಲ. ಇದೂ ಎಲ್ರುದ್ದೂವೆ ತಾನೆ."

ಕಿಟಕಿ ಹತ್ತಿರ ನಿಂತು ನೋಡುತ್ತಿದ್ದ ಹೆಂಗಸರು ಗೊಳ್ಳೆಂದು ನಕ್ಕರು. ಆ ಸದ್ದು ಕೋರ್ಟ್ ಹಾಲಿಗೂ ಕೇಳಿತು. ಜಡ್ಜು ಇನ್ನೂ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಏನದು, ಕರೆಸಿ ಅಂದರು. ಹೊಂಬಾಳಮ್ಮ ತಟ್ಟೆ ಹಿಡಿದುಕೊಂಡೇ ಒಳಗೆ ಬಂದಳು. ಪಾರ್ಥಸಾರಥಿಯವರು ಆ ತಟ್ಟೆಗೂ ತಮಗೂ ಸಂಬಂಧವಿಲ್ಲ ಅನ್ನುವಷ್ಟು ದೂರದಲ್ಲಿ ಬಂದು ನಿಂತರು. ಸುದರ್ಶನ್ ಹಣೆ ಒರೆಸಿಕೊಂಡರು.

ಹೊಂಬಾಳಮ್ಮ ಮರೆಮಾಚದೆ ಹೇಳಿದಳು.

"ಕೋರ್ಟ್ ಫೀ ಕಟ್ಟಿದ್ದೆ ತಾಯಿ. ಇವ್ರೆಲ್ಲಾನೂ ಕಟ್ಟವ್ರೆ. ಆದ್ರೂ ಬಸ್ ಸ್ಟ್ಯಾಂಡ್‌ಗೇ ಓಗ್ಬೇಕು. ಅಂಗೋದಾಗ್ಲೇ ನನ್ ಕೇಸೋಯ್ತು. ಸಾಲ್ದಿದ್ರೆ ತಕಳಿ ಅಂತ ಇನ್ನೊಂದ್ ದಪ ವಂತಿಗೆ ತಂದಿವ್ನಿ."

ಜಡ್ಜು ಮೆತ್ತಗೆ ಬಿಡಿಸಿ ಹೇಳಿದರು. ಫೀಸು ಖಜಾನೆಗೆ ಹೋಗುತ್ತದೆ, ಅದನ್ನು ನಾನೂ ಮುಟ್ಟುವ ಹಾಗಿಲ್ಲ. ಕೈಯಲ್ಲಿ ದುಡ್ಡು ತೆಗೆದುಕೊಳ್ಳುವ ಹಾಗಂತೂ ಇಲ್ಲವೇ ಇಲ್ಲ. ಇದನ್ನು ಅವರವರಿಗೆ ವಾಪಸು ಕೊಡಿ. ಆಮೇಲೆ ಕನ್ನಡಕ ಸರಿಮಾಡಿಕೊಂಡು ಕೇಳಿದರು.

"ನೀವು ಹೇಳಿದ ಕಾರಣ ನಿಜವಿರಬಹುದು. ಆದರೆ ಆ ದಿನ ನೀವು ಇಲ್ಲಿಗೆ ಬಂದಿದ್ದನ್ನು ಯಾರು ಹೇಳುತ್ತಾರೆ?"

ಹೊಂಬಾಳಮ್ಮ ತಲೆ ತಗ್ಗಿಸಿದಳು. ಹೊನ್ನಯ್ಯ ಫ್ಯಾನು ನೋಡತೊಡಗಿದ. ಹಿಂದಿನ ಬೆಂಚಿನಿಂದ ಕೆಂಪಾಜಮ್ಮ ಸೆರಗು ಸರಿಮಾಡಿಕೊಂಡು ಎದ್ದಳು.

"ಕೂತ್ಕಳ್ಳೆ," ಅಂದ ಹೊನ್ನಯ್ಯ ಹಲ್ಲು ಕಚ್ಚಿಕೊಂಡೇ.

"ನಾನೇ ಬಾಗ್ಲಿಡ್ಕಂಡಿದ್ದೆ ತಾಯಿ," ಅಂದಳು ಕೆಂಪಾಜಮ್ಮ. "ಅಕ್ಕ ಬೆಳಗ್ಗಿಂದ್ಲೂ ಇಲ್ಲೇ ಇದ್ರು. ಅವ್ರು ಒಳಗಿದ್ದಾಗ ನಾ ಇಡ್ಕಂಡೆ, ನಾ ಒಳಗಿದ್ದಾಗ ಅವ್ರಿಡ್ಕಂಡ್ರು."

"ನಿಂಗ್ಯಾಕೆ ಬೇಕಿತ್ತು ಇದು?" ಹೊನ್ನಯ್ಯನ ದನಿ ಈಗ ಎಲ್ಲರಿಗೂ ಕೇಳಿತು.

ಕೆಂಪಾಜಮ್ಮ ಅವನ ಕಡೆ ತಿರುಗಿದಳು. "ಈವತ್ತು ನಾ ಸುಳ್ಳೇಳುದ್ರೆ, ಮುಂದಿನ್ ವಾಯ್ದೆಗೆ ನೀ ಬಂದು ಇಡ್ಕತಿಯಾ ಬಾಗ್ಲ?"

ಹೊನ್ನಯ್ಯನ ಲಾಯರು ಫೈಲು ಅಡ್ಡ ಹಿಡಿದುಕೊಂಡು ನಕ್ಕು, ಕೆಮ್ಮಿ, ನಮ್ಮದೇನೂ ತಕರಾರಿಲ್ಲ ಅಂದುಬಿಟ್ಟರು. ಜಡ್ಜು ಕೇಸನ್ನು ಮತ್ತೆ ತೆಗೆದುಕೊಂಡರು. ರಿಪೇರಿ ಆಗುವ ತನಕ ಸಿಬ್ಬಂದಿ ಹೆಂಗಸರ ಪಾಯಿಖಾನೆಯನ್ನೇ ಬಂದವರಿಗೂ ಬಿಟ್ಟುಕೊಡಿ ಅಂತ ಪಾರ್ಥಸಾರಥಿಯವರಿಗೆ ಹೇಳಿದರು. ಸಂಘದ ಆ ಮನವಿಯನ್ನು ಇನ್ನೊಂದು ಸಲ ಬರೆಯಿರಿ, ಈ ಸಲ ಇವರೆಲ್ಲರ ಸಹಿಯೂ ಇರಲಿ ಅಂತ ಲಾಯರುಗಳಿಗೆ ಹೇಳಿದರು.

ಹೊಂಗೆ ಮರದ ಕೆಳಗೆ ವಂತಿಗೆ ವಾಪಸು ಹಂಚುವಾಗ ದೊಡ್ಡ ಚರ್ಚೆ. ಪಾಯಿಖಾನೆ ನೆಪ ಹೇಳಿ ಫೀಸು ಏರಿಸಿಬಿಟ್ಟರೆ ಏನು ಗತಿ ಅಂತ ಒಬ್ಬಳಿಗೆ ಭಯ. ಹೊಂಬಾಳಮ್ಮ ಸುದರ್ಶನ್ ಅವರನ್ನು ಕರೆದು, "ಏರಿಸ್ಬೇಡಿ, ಈಗ ಕಟ್ತಿರೋದ್ರಲ್ಲೇ ಪಾಲು ಬುಡಿ ಅಂತ ಬರಿಯಪ್ಪ. ಅಂಗ್ ಬರುದ್ರೇನೆ ನನ್ ಸಹಿ," ಅಂದಳು. ಹಾಗೇ ಬರೆದ ಮೇಲೆ ಮೊದಲ ಸಹಿ ಅವಳದೇ ಬಿತ್ತು. ಎಲೆ ಅಡಿಕೆ ಮಾತ್ರ ಅಲ್ಲೇ ಹಂಚಿಕೊಂಡು ಮೆದ್ದರು.

ಸಾಯಂಕಾಲದ ಬಸ್ಸಿನಲ್ಲಿ ಹೊನ್ನಯ್ಯ ಮುಂದಿನ ಸೀಟಿನಲ್ಲಿ ಕೂತು ಊರು ಬರುವವರೆಗೂ ತಿರುಗಿ ನೋಡಲಿಲ್ಲ. ಇಳಿದ ಮೇಲೆ ಹೆಂಡತಿ ಮೇಲಿನ ಸಿಟ್ಟಿಗೆ ಮನೆಯೊಳಕ್ಕೆ ಹೋಗದೆ, ಪಕ್ಕದ ಹೊಂಬಾಳಮ್ಮನ ಜಗುಲಿ ಮೇಲೆ ಬಂದು ಕೂತ.

"ಕೇಸ್ ನಡೆಸ್ದೆ ಬುಡಕ್ಕಿಲ್ಲ ಅನ್ನು, ಅತ್ಗೆ."

"ಬುಡಕ್ಕಿಲ್ಲ. ನನ್ ಭಾಗ ನಂಗ್ ಬೇಕು. ಉಂಡ್ಯಾ?"

"ಅವ್ಳ್ ಕೈಲಿ ನಾನುಣ್ಣಕ್ಕಿಲ್ಲ."

ಹೊಂಬಾಳಮ್ಮ ಒಳಗೆ ಹೋಗಿ ಹಿಟ್ಟು ತೊಳಸಿ ಮುದ್ದೆ ಕಟ್ಟಿದಳು. ಉಪ್ಸಾರು ಬಿಟ್ಟು ತಟ್ಟೆಯನ್ನು ಅವನ ಮುಂದೆ ಇಟ್ಟಳು. ಅವನು ಮುದ್ದೆ ಮುರಿಯುವುದನ್ನು ನೋಡಿದ ಮೇಲೆ ಬೀದಿಗಿಳಿದು, ಪಕ್ಕದ ಮನೆ ಕಡೆ ಕೂಗಿದಳು.

"ಕೆಂಪಾಜೂ, ಇವ್ನಿಲ್ಲೇ ಉಣ್ತಾವ್ನೆ. ಕಾಯ್ಕಂಡ್ ಕೂತ್ಕಬೇಡ, ನೀನೂ ಇಲ್ಲೇ ಬಂದ್ಬುಡು."