ತಲೆಮನೆಯ ಬೆಳ್ಳಿ ಕಣ್ಣು

ಆ ದಿನ ರಾಮಾಂಜಿನಪ್ಪ ಕೇಳಿದ್ದು ಒಂದು ನಿಂಬೆಗಾತ್ರದ ಹುಣಸೆಹಣ್ಣು. ಅದಕ್ಕೂ ಹೆಂಡತಿ ಮುನಿಗಂಗಮ್ಮ ಮುಖ ಸಿಂಡರಿಸಿದಳು.

"ಮೊನ್ನೆ ತಾನೇ ಕೊಟ್ಟಿದ್ದೆ. ನಿನ್ನ ತಲೆಮನೆ ಹಿತ್ತಾಳೆ ನನ್ನ ಸಾರಿನ ಹುಳಿಯೆಲ್ಲಾ ಕುಡಿದ್ಬಿಡ್ತು."

"ನಿನ್ನ ಸಾರು ಯಾವತ್ತು ಹುಳಿಯಾಗಿತ್ತು? ಸಪ್ಪೆ ತಿಂದೇ ಇಷ್ಟು ವರ್ಷ ಬದುಕಿದೀನಿ. ಕೊಡು ಕೊಡು, ಸಾಹೇಬ್ರು ಬರೋ ಟೈಮು."

"ಸಾಹೇಬ್ರ ಮನೇಲಿ ಹುಣಸೆಹಣ್ಣು ಇಲ್ವಾ?"

"ಅವ್ರ ಮನೇಲಿ ಎಲ್ಲಾ ಇರ್ತದೆ. ಉಜ್ಜೋ ಕೈ ಇರಲ್ಲ."

ಅವಳು ಬೀಜ ತೆಗೆಯದೆ ಒಂದು ಉಂಡೆ ಕೊಟ್ಟಳು. ಅವನು ಅದನ್ನು ಸ್ಟೀಲ್ ಬಟ್ಟಲಿಗೆ ಹಾಕಿಕೊಂಡು ಹೋದ. ಮಧ್ಯಾಹ್ನ ಬಂದು ಮುದ್ದೆ, ಅವರೇಕಾಳು ಸಾರು ಉಂಡ. ಹುಳಿ ಸರಿಯಾಗಿದೆ ಎಂದ. ಸಂಜೆ ಮೇಕೆಯ ಹಗ್ಗ ಕಿತ್ತುಹೋಗಿತ್ತು, ಹೊಸದು ಹೊಸೆದ. ಟಿವಿ ನೋಡುತ್ತಾ ಕೂತಲ್ಲೇ ನಿದ್ದೆ ಹೋದ. ಅವಳು ಟಿವಿ ಆರಿಸಿ, ಕಂಬಳಿ ಹೊದಿಸಿದಳು. ಒಂದು ಒಳ್ಳೆಯ ಮಾತು ಅವನೂ ಆಡಲಿಲ್ಲ, ಅವಳೂ ಆಡಲಿಲ್ಲ. ಆಡಬೇಕು ಅಂತ ಯಾರಿಗೆ ಗೊತ್ತಿತ್ತು.

ಮಾರನೇ ಬೆಳಗ್ಗೆ ತಲೆಮನೆಯ ಮೆಟ್ಟಿಲು ಗುಡಿಸಲು ಹೋದವನು ಅಲ್ಲೇ ಮೆಟ್ಟಿಲ ಮೇಲೆ ಕೂತ. ಪೊರಕೆ ಕೈಯಲ್ಲೇ ಇತ್ತು. ಮೇಕೆ ಹೊಡೆದುಕೊಂಡು ಹೋಗುತ್ತಿದ್ದ ಅವನ ಅಕ್ಕ ಪಾಪಮ್ಮ, ದಣಿವು ಆರಿಸಿಕೊಳ್ಳುತ್ತಿದ್ದಾನೆ ಎಂದುಕೊಂಡು ಮಾತಾಡಿಸಿದಳಂತೆ. ಅವನು ತಿರುಗಲಿಲ್ಲ. ಎದೆಬಡಿತ ನಿಂತಿದೆ ಎಂದರು ಡಾಕ್ಟರು.

ಅವರ ಊರು ಮರಳುಸಂದ್ರ, ದೇವನಹಳ್ಳಿ ಹತ್ತಿರದ ನಲ್ಲೂರಿನ ಕಡೆಯದು. ನಲ್ಲೂರಿನ ಹುಣಸೆಮರಗಳ ಹಣ್ಣೇ ಈ ಕಡೆಯವರ ಸಾರಿಗೆ. ಊರಾಚೆ ಕಲ್ಲಿನ ಕಟ್ಟಡವೊಂದಿದೆ. ಬೋರ್ಡಿನಲ್ಲಿ ಮೇಸನಿಕ್ ಲಾಡ್ಜ್ ಎಂದು ಬರೆದಿದೆ. ಊರವರು ಅದನ್ನು ತಲೆಮನೆ ಎನ್ನುತ್ತಾರೆ. ಒಳಗೆ ಮನುಷ್ಯನ ತಲೆಬುರುಡೆ ಇಟ್ಟಿದ್ದಾರೆ ಎಂದು ಹಳಬರ ಮಾತು. ಕಂಡವರು ಯಾರೂ ಇಲ್ಲ. ಮಾಕಳಿದುರ್ಗದ ಬೆಟ್ಟದ ಬುಡದಲ್ಲಿ ರೈಲು ಹಾದಿ ಹಾಕುವಾಗ ಬಂದ ಬಿಳಿಯ ಇಂಜಿನಿಯರೊಬ್ಬ ಇಲ್ಲಿ ತೋಟ ಮಾಡಿಕೊಂಡಿದ್ದನಂತೆ. ತನ್ನಂಥವರನ್ನು ಸೇರಿಸಿ ಗುಟ್ಟಿನ ಸಂಘವೊಂದನ್ನು ಮಾಡಿ ಅವನೇ ಅದನ್ನು ಕಟ್ಟಿಸಿದ. ರಾಮಾಂಜಿನಪ್ಪನ ತಾತ ಅದಕ್ಕೆ ಕಲ್ಲು ಹೊಡೆದವನು. ದೊರೆ ಊರು ಬಿಡುವಾಗ ಬೀಗದ ಕೈಯನ್ನು ತಾತನ ಕೈಗೆ ಕೊಟ್ಟ. ಅಲ್ಲಿಂದ ಕಾವಲು ಈ ಮನೆಗೇ ಬಂತು. ಬಿಳಿಯರು ಹೋದರು. ಬೆಂಗಳೂರಿನ ವಕೀಲರು, ಡಾಕ್ಟರುಗಳು ಕಾರಿನಲ್ಲಿ ಬರತೊಡಗಿದರು. ವರ್ಷಕ್ಕೆ ಕೆಲವು ಸಲ ಸೇರುತ್ತಾರೆ, ಬಾಗಿಲು ಹಾಕಿಕೊಳ್ಳುತ್ತಾರೆ, ಊಟ ಮಾಡಿ ಹೋಗುತ್ತಾರೆ.

ಮದುವೆಯಾದ ಹೊಸದರಲ್ಲಿ ಅವಳು ಕೇಳಿದ್ದಳು. "ಒಳಗೆ ಏನು ಮಾಡ್ತಾರೆ?"

"ಗೊತ್ತಿಲ್ಲ."

"ನೀನು ಕಾವಲು ಕಾಯೋನು. ನಿಂಗೇ ಗೊತ್ತಿಲ್ವಾ?"

"ಬಾಗ್ಲು ಹಾಕಿರ್ತಾರೆ. ನಾನು ಹೊರಗಿರ್ತೀನಿ. ಮೇಸನ್ ಅಂದ್ರೆ ಗಾರೆಯೋರು ಅಂತೆ."

"ಗಾರೆಯೋರಾ? ಅವ್ರ ಕೈ ನೋಡಿದೀಯಾ, ಬೆಣ್ಣೆ ಇದ್ದಂಗವೆ. ಕರಣೆ ಹಿಡಿದ ಕೈಯಾ ಅವು?"

"ನಂಗೂ ಅದೇ ಅರ್ಥ ಆಗಿಲ್ಲ ಕಣೆ" ಎಂದು ಅವನು ನಕ್ಕಿದ್ದ. ಒಳಗಿನ ಹಿತ್ತಾಳೆ ಕಂಬಗಳನ್ನು, ದೀಪಗಳನ್ನು, ಬಾಗಿಲ ಬಳೆಯನ್ನು ಹುಣಸೆಹಣ್ಣಲ್ಲಿ ತಿಕ್ಕಿ ಬೆಳಗುವುದು ಅವನ ಕೆಲಸ. ಏನು ತಿಕ್ಕುತ್ತಿದ್ದೇನೆ ಎಂದು ಅವನು ಹೇಳಲಿಲ್ಲ. ಅವಳೂ ಮತ್ತೆ ಕೇಳಲಿಲ್ಲ.

ಹನ್ನೊಂದನೇ ದಿನ ಕಳೆಯಿತು. ಅವಳ ತಾಳಿ, ಬಳೆ, ಕಾಲುಂಗುರ ಬಿಚ್ಚಿಸಿದ್ದೂ ಆಯಿತು. ನೆಂಟರು ಹೋದ ಮೇಲೆ ಅವಳು, ಪಾಪಮ್ಮ ಸೇರಿ ಮನೆ ತೊಳೆದರು. ದೇವರ ಗೂಡಿನಲ್ಲಿ ಪಟಗಳ ಹಿಂದೆ ಹಳದಿ ಬಟ್ಟೆಯ ಗಂಟೊಂದು ಸಿಕ್ಕಿತು. ಬಿಚ್ಚಿದರೆ ಒಂದು ಬೆಳ್ಳಿ ಕಣ್ಣು. ಜೊತೆಗೆ ಒಂದು ರೂಪಾಯಿ ನಾಣ್ಯ.

ಪಾಪಮ್ಮ ಅದನ್ನು ಕಣ್ಣಿಗೆ ಒತ್ತಿಕೊಂಡಳು. "ಮುಡುಪು ಕಟ್ಟವ್ನೆ ನನ್ ತಮ್ಮ. ಕಣ್ಣಿನ ಹರಕೆ. ಸಪ್ಪಲಮ್ಮಂಗೆ."

ಆ ಕಡೆ ಅದು ಎಲ್ಲರಿಗೂ ಗೊತ್ತಿರುವ ಪದ್ಧತಿ. ಕಣ್ಣಿಗೆ ಏನಾದರೂ ಆದರೆ ಊರ ದೇವತೆ ಸಪ್ಪಲಮ್ಮನಿಗೆ ಬೆಳ್ಳಿ ಕಣ್ಣು ಹೇಳಿಕೊಳ್ಳುತ್ತಾರೆ. ಹೇಳಿಕೊಂಡದ್ದನ್ನು ಹಳದಿ ಬಟ್ಟೆಯಲ್ಲಿ ಕಾಣಿಕೆಯ ಜೊತೆ ಕಟ್ಟಿ ದೇವರ ಮುಂದೆ ಇಡುತ್ತಾರೆ. ರಾಮಾಂಜಿನಪ್ಪನಿಗೆ ಹಿಂದಿನ ಬೇಸಿಗೆಯಲ್ಲಿ ಎಡಗಣ್ಣಿನ ಪೊರೆ ತೆಗೆಸಿದ್ದರು. ಎಲ್ಲಾ ತಾಳೆಯಾಯಿತು. ಆದರೂ ಮುನಿಗಂಗಮ್ಮ ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು.

"ಕಣ್ಣು ಜೋಡಿ ಕೊಡ್ತಾರಲ್ವಾ ಅಕ್ಕ? ಒಂದೇ ಐತೆ."

"ಆಪರೇಷನ್ ಒಂದೇ ಕಣ್ಣಿಗಲ್ವಾ ಆಗಿದ್ದು. ಇನ್ನೊಂದು ಯಾಕೆ ದಂಡಕ್ಕೆ?"

"ಮತ್ತೆ ಈ ಮೇಲಿಂದು? ಕಡ್ಡಿ ಇದ್ದಂಗೆ, ಮುರಿದಂಗೆ."

"ಹುಬ್ಬು ಕಣೆ. ಈಗಿನ ಆಚಾರಿಗಳು ಹಿಂಗೇ ಮಾಡೋದು."

ತೀರಿಸದ ಹರಕೆ ಸತ್ತವನನ್ನು ದಾರಿಯಲ್ಲೇ ನಿಲ್ಲಿಸುತ್ತದೆ ಎಂದು ಪಾಪಮ್ಮ ಹೇಳಿದಳು. ಮುನಿಗಂಗಮ್ಮ ವರ್ಷ ತುಂಬುವವರೆಗೆ ಗುಡಿ ಹತ್ತುವಂತಿಲ್ಲ. ಅದಕ್ಕೆ ಪಾಪಮ್ಮನೇ ಮಂಗಳವಾರ ತೆಗೆದುಕೊಂಡು ಹೋದಳು. ಪೂಜಾರಿ ದೇವರಾಜ್ ಅದಕ್ಕೆ ಮೇಣ ಹಚ್ಚಿ ಅಮ್ಮನ ಹಣೆಗೆ ಅಂಟಿಸಿದ. ನಾಣ್ಯ ಹುಂಡಿಗೆ ಬಿತ್ತು. ಹಳದಿ ಬಟ್ಟೆಯನ್ನು ಪಾಪಮ್ಮ ವಾಪಸ್ ತಂದಳು, ಒಳ್ಳೇ ಬಟ್ಟೆ ಎಂದು. ಅವತ್ತು ಮುನಿಗಂಗಮ್ಮನಿಗೆ ಸ್ವಲ್ಪ ನಿದ್ದೆ ಬಂತು.

ತಿಂಗಳು ಕಳೆದು ಭಾನುಪ್ರಕಾಶ್ ಎಂಬವರು ಬಂದರು. ದೇವನಹಳ್ಳಿಯ ಹಳೇ ವಕೀಲರು, ಲಾಡ್ಜಿನ ಕಾರ್ಯದರ್ಶಿ. ಹಾರ ತಂದಿದ್ದರು. ರಾಮಾಂಜಿನಪ್ಪನ ಫೋಟೋಗೆ ಹಾಕಿ ಕೈಮುಗಿದು ಕೂತರು.

"ನೋಡಮ್ಮ, ಲಾಡ್ಜಿಗೆ ನೂರು ವರ್ಷ ತುಂಬ್ತಿದೆ. ಹೊಸ ಗುರುಗಳು, ಅಂದ್ರೆ ಲಾಡ್ಜಿನ ಮುಖ್ಯಸ್ಥರು, ಪೀಠದಲ್ಲಿ ಕೂರೋ ದಿನ ಅವರ ಕೊರಳಿಗೆ ಒಂದು ಪದಕ ಹಾಕಬೇಕು. ಆ ಇಂಜಿನಿಯರು ದೊಡ್ಡಬಳ್ಳಾಪುರದ ಅಕ್ಕಸಾಲಿ ಕೈಲಿ ಬೆಳ್ಳಿ ರೂಪಾಯಿ ಕರಗಿಸಿ ಮಾಡಿಸಿದ್ದು. ಅದಿಲ್ಲದೆ ಇದುವರೆಗೆ ಯಾರೂ ಆ ಪೀಠದಲ್ಲಿ ಕೂತಿಲ್ಲ. ಪೆಟ್ಟಿಗೇಲಿ ನೀಲಿ ಪಟ್ಟಿ ಇದೆ. ಪದಕ ಇಲ್ಲ."

"ನಂಗೊತ್ತಿಲ್ಲ ಸ್ವಾಮಿ. ಪದಕ ನಮ್ಮನೇಲಿಲ್ಲ."

"ರಾಮಾಂಜಿನಪ್ಪನ ಮೇಲೆ ನಮಗೆ ಅನುಮಾನ ಏನೂ ಇಲ್ಲ."

ಅನುಮಾನ ಇದೆ ಎಂದು ಅವಳಿಗೆ ತಿಳಿದದ್ದು ಅವರು ಹಾಗೆ ಹೇಳಿದ ಮೇಲೆಯೇ. ಇಲ್ಲದ ಅನುಮಾನವನ್ನು ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ.

ಅವರು ಹೋದ ಮೇಲೆ ಅವಳು ಟ್ರಂಕು, ರಾಗಿ ತುಂಬಿದ ಮಣ್ಣಿನ ವಾಡೆ, ಹಾಸಿಗೆಯ ಹತ್ತಿ, ಎಲ್ಲಾ ತಡಕಿದಳು. ಅವಳ ತಲೆಯಲ್ಲಿದ್ದದ್ದು ಸರದಂಥ ವಸ್ತು, ದುಂಡನೆ ಬಿಲ್ಲೆ. ಅಂಥದ್ದು ಏನೂ ಸಿಗಲಿಲ್ಲ. ಮೂರು ತಲೆಮಾರು ಕಾದ ಮನೆಯದು. ಅವನು ತೆಗೆದಿರಲಾರ. ಆದರೆ ಅವನ ಬಗ್ಗೆ ತನಗೆ ಗೊತ್ತಿರುವುದಾದರೂ ಎಷ್ಟು? ಹರಕೆ ಕಟ್ಟಿದ್ದೇ ಗೊತ್ತಿರಲಿಲ್ಲ. ಇನ್ನೇನು ಗೊತ್ತಿಲ್ಲವೋ.

ಡೈರಿಗೆ ಹಾಲು ಹಾಕಲು ನಿಂತಾಗ ಹಿಂದೆ ಯಾರೋ ಅಂದರು. "ತಲೆಮನೆ ಬೆಳ್ಳಿ ಯಾವ್ದೋ ಸೇಠು ಅಂಗಡೀಲಿ ಕರಗಿ ನೀರಾಗಿರ್ತದೆ ಬಿಡ್ಲಾ. ಕಾಯೋನೇ ಮೇಯ್ದ್ರೆ ಯಾರ್ ಏನ್ ಮಾಡಕ್ಕಾಯ್ತದೆ."

ಅವಳು ಕ್ಯಾನು ಕೆಳಗಿಟ್ಟಳು. "ಯಾವನ್ಲಾ ಅದು? ಮುಂದೆ ಬಂದು ಹೇಳು."

ಯಾರೂ ಬರಲಿಲ್ಲ. ಹಾಲಿನವನು ಅವಳ ಅಳತೆಯನ್ನು ಬೇಗ ಮುಗಿಸಿ ಕಳಿಸಿದ.

ಭಾನುಪ್ರಕಾಶ್ ಮತ್ತೆ ಬಂದರು. ಈ ಸಲ ಮೊಬೈಲಿನಲ್ಲಿ ಫೋಟೋ ಇತ್ತು. ಹಿಂದಿನ ಗುರುಗಳೊಬ್ಬರು, ಎದೆಯ ಮೇಲೆ ನೀಲಿ ಪಟ್ಟಿ. ಪಟ್ಟಿಯ ತುದಿಯಲ್ಲಿ ಹುಬ್ಬು. ಹುಬ್ಬಿನ ಕೆಳಗೆ ಕಣ್ಣು.

ಮುನಿಗಂಗಮ್ಮ ಮೊಬೈಲಿನ ಮೇಲೆ ಬಗ್ಗಿದಳು. ಬೆರಳಿಟ್ಟು ತೋರಿಸಿದಳು.

"ಈ ಹುಬ್ಬು..."

"ಹುಬ್ಬಲ್ಲಮ್ಮ, ಮೂಲೆಮಟ್ಟ. ಗೋಡೆ ಮೂಲೆ ನೇರ ಇದೆಯಾ ಅಂತ ಗಾರೆಯೋರು ಇಟ್ಟು ನೋಡ್ತಾರಲ್ಲ, ಅದು. ಮನುಷ್ಯನ ನಡತೆನೂ ಹಂಗೆ ನೇರ ಇರಬೇಕು ಅಂತ."

"ಕಣ್ಣು?"

"ಎಲ್ಲಾನೂ ನೋಡ್ತಿರೋನ ಕಣ್ಣು."

"ಯಾರು ಅವ್ನು?"

"ದೇವರು ಅಂದ್ಕೋ."

ದೇವರ ಕಣ್ಣು ದೇವರಿಗೇ ಹೋಗಿದೆ. ಹಾಗಾದರೆ ತಪ್ಪಾಯಿತೋ, ಸರಿಯಾಯಿತೋ? ಅವಳಿಗೆ ತಿಳಿಯಲಿಲ್ಲ. ಒಂದಂತೂ ತಿಳಿಯಿತು. ಅದನ್ನು ವಾಪಸ್ ಕೊಡದಿದ್ದರೆ ಅವನು ಸತ್ತ ಮೇಲೂ ಕಳ್ಳನಾಗಿಯೇ ಉಳಿಯುತ್ತಾನೆ.

"ಅಮಾಸೆ ಕಳೀಲಿ ಸ್ವಾಮಿ. ಆಮೇಲೆ ಬನ್ನಿ."

"ಎಲ್ಲಿದೆ ಅಂತ ಗೊತ್ತಾ ನಿಂಗೆ?"

"ಕಳ್ಳತನ ಆಗಿಲ್ಲ. ಅಷ್ಟು ಗೊತ್ತು."

ಸಪ್ಪಲಮ್ಮನ ಗುಡಿ ಚಿಕ್ಕದು. ಕೆಳಗೆ ನಿಂತರೂ ಅಮ್ಮನ ಮುಖ ಕಾಣುತ್ತದೆ. ಹಣೆಯ ನಡುವೆ ಬೆಳ್ಳಿ ಕಣ್ಣು, ಅರಿಶಿನ ಮೆತ್ತಿಕೊಂಡು, ಅವಳನ್ನೇ ನೋಡುತ್ತಿತ್ತು. ಅವಳು ನಿಂತಲ್ಲಿಂದಲೇ ವಿಷಯ ಹೇಳಿದಳು. ದೇವರಾಜ್ ಮೆಟ್ಟಿಲ ಮೇಲೆ ಕೂತುಬಿಟ್ಟ.

"ಏನು ಗಂಗಮ್ಮಕ್ಕ ನೀನು. ಅಮ್ಮಂಗೆ ಕೊಟ್ಟಿದ್ದನ್ನ ವಾಪಸ್ ಕೇಳಿದೋರು ಉಂಟಾ? ಜನ ಆಗ್ಲೇ ಮೂರನೇ ಕಣ್ಣು ಅಂತ ಹರಕೆ ಹೊರ್ತಾವ್ರೆ. ಮೊನ್ನೆ ಒಂದು ಮಗೂಗೆ ಕಣ್ಣು ನೋವು ವಾಸಿ ಆಯ್ತು."

"ಕೊಟ್ಟಿದ್ದು ನಮ್ಮದಾಗಿದ್ರೆ ತಾನೇ ಕೊಟ್ಟಂಗೆ? ಇನ್ನೊಬ್ಬರ ಮೇಕೆ ಕಡಿದು ನಾನು ಹರಕೆ ತೀರಿಸ್ದೆ ಅಂದ್ರೆ ಅಮ್ಮ ಒಪ್ತಾಳಾ?"

ದೇವರಾಜ್ ತಲೆ ಕೆರೆದುಕೊಂಡ. "ನಾನ್ಯಾರು ಹೇಳಕ್ಕೆ. ಅಮ್ಮನ್ನೇ ಕೇಳಾನ."

ಅಮ್ಮನ ಕಿರೀಟದ ಮೇಲೆ ಒಂದು ದಾಸವಾಳ ಇಟ್ಟ. ಬಲಕ್ಕೆ ಬಿದ್ದರೆ ಕೊಡಬಹುದು, ಎಡಕ್ಕೆ ಬಿದ್ದರೆ ಕೂಡದು. ಮುನಿಗಂಗಮ್ಮ ಕೆಳಗೆ, ಪಾಪಮ್ಮ ಮೇಲೆ, ಕೈಮುಗಿದು ನಿಂತರು. ಹೂವು ಜಾರಿತು. ಬಲಕ್ಕೂ ಹೋಗಲಿಲ್ಲ, ಎಡಕ್ಕೂ ಹೋಗಲಿಲ್ಲ. ನೇರ ಕೆಳಗೆ ಬಂದು ಬೆಳ್ಳಿ ಹುಬ್ಬಿಗೆ ಸಿಕ್ಕಿಕೊಂಡಿತು.

ಮೂವರೂ ಅದು ಬೀಳಲೆಂದು ಕಾದರು. ಹೂವು ಅಲ್ಲಾಡಲಿಲ್ಲ.

"ಇಂಥದ್ದು ನಾನು ಕಂಡಿಲ್ಲ" ಎಂದ ದೇವರಾಜ್.

"ಅಮ್ಮಂಗೂ ಗೊತ್ತಾಗ್ತಿಲ್ಲ" ಎಂದಳು ಮುನಿಗಂಗಮ್ಮ.

ಮನೆಗೆ ಬಂದು ಅವಳು ಡಬ್ಬಿಯಿಂದ ತನ್ನ ಕಾಲುಂಗುರ ತೆಗೆದಳು. ಇನ್ನು ಹಾಕುವಂತಿಲ್ಲ, ಬಿಸಾಡಲು ಮನಸ್ಸಿಲ್ಲ. ಇವನ್ನೇ ಕಣ್ಣು ಮಾಡಿಸಿ ಅದರ ಬದಲಿಗೆ ಅಮ್ಮನಿಗೆ ಕೊಟ್ಟರೆ? ಮತ್ತೆ ಗೊಂದಲ ಹುಟ್ಟಿತು.

"ಕಾಲಲ್ಲಿದ್ದದ್ದು ಅಕ್ಕ. ಅಮ್ಮನ ಮುಖಕ್ಕೆ ಇಡಬಹುದಾ?"

ಪಾಪಮ್ಮ ಎಲೆ ಅಡಿಕೆ ಉಗಿದು ಬಂದಳು. "ಕರಗಿದ್ಮೇಲೆ ಕಾಲ್ಯಾವ್ದು, ತಲೆ ಯಾವ್ದು. ನಡಿ."

ವಿಜಯಪುರದ ಆಚಾರಿ ಕಾಲುಂಗುರ ಕರಗಿಸಿ ಒಂದು ಜೊತೆ ಕಣ್ಣು ತಟ್ಟಿಕೊಟ್ಟ. ತೆಳ್ಳಗೆ, ಚಿಕ್ಕವು. ಹುಬ್ಬಿಲ್ಲ. ದೇವರಾಜ್ ಅವನ್ನು ಅಂಗೈಯಲ್ಲಿ ತೂಗಿ ನೋಡಿದ. "ಒಂದು ತಗೊಂಡು ಎರಡು ಕೊಡ್ತಿದೀಯ. ಅಮ್ಮ ಬೇಡ ಅಂತಾಳಾ?" ಎಂದು ಅಮ್ಮನ ಎರಡು ಕಣ್ಣಿಗೂ ಅವನ್ನು ಅಂಟಿಸಿದ. ಆಮೇಲೆ ಹಣೆಯ ಕಣ್ಣಿಗೆ ಕೈ ಹಾಕಿದ. ಬಾಡಿದ ದಾಸವಾಳ ಅಲ್ಲೇ ಇತ್ತು. ಮೇಣ ಬಿಡುವಾಗ ಅದು ಅವನ ಬಲಗೈಯಲ್ಲಿ ಬಿತ್ತು.

"ಬಲಗೈಲಿ ಬಿತ್ತು. ಬಲಗಡೆ ಅಂತಲೇ ಲೆಕ್ಕ" ಎಂದ. ಪಾಪಮ್ಮ ಕೈಮುಗಿದಳು.

ಭಾನುಪ್ರಕಾಶ್ ಬಂದಾಗ ಅವಳು ಪದಕವನ್ನು ಅದೇ ಹಳದಿ ಬಟ್ಟೆಯಲ್ಲಿಟ್ಟು ಕೊಟ್ಟಳು. ಪದಕದ ಮೂಲೆಗಳಲ್ಲಿ ಅರಿಶಿನ ಹಾಗೇ ಇತ್ತು. ನಡೆದದ್ದೆಲ್ಲ ಹೇಳಿದಳು. ಅವರು ಮೊದಲು ನಕ್ಕರು, ಆಮೇಲೆ ಕನ್ನಡಕ ತೆಗೆದು ಒರೆಸಿಕೊಂಡರು.

"ತಪ್ಪು ನಮ್ಮದೂ ಇದೆ. ಪೆಟ್ಟಿಗೆ ಬೀಗ ಕೆಟ್ಟಿತ್ತು. ಹುಷಾರಾಗಿ ನೋಡ್ಕೋ ಅಂತ ನಾನೇ ಅಂದಿದ್ದೆ. ಬೆಳಗಿ, ಮನೇಲಿಟ್ಟಿದಾನೆ. ಈ ಬಟ್ಟೆ ನಾವೇ ಕೊಟ್ಟಿದ್ದು, ಬೆಳ್ಳಿ ಒರೆಸೋಕೆ."

"ಒರೆಸೋ ಬಟ್ಟೇನಾ?"

"ಹೂಂ. ಹಳದೀದೇ ಬರುತ್ತೆ."

"ಮತ್ತೆ ಅದರೊಳಗೆ ಒಂದು ರೂಪಾಯಿ ಯಾಕೆ ಇಟ್ಟಿದ್ದ?"

ಭಾನುಪ್ರಕಾಶ್ ಬಟ್ಟೆ ನೋಡಿದರು, ಅವಳನ್ನು ನೋಡಿದರು. "ಅದು ನಂಗೊತ್ತಿಲ್ಲಮ್ಮ."

ಪಾಪಮ್ಮನಿಗೂ ಗೊತ್ತಿಲ್ಲ. ದೇವರಾಜನಿಗೂ ಗೊತ್ತಿಲ್ಲ. ಏನೋ ಬೇಡಿಕೊಂಡಿದ್ದನೋ, ಜೇಬಿನ ಚಿಲ್ಲರೆ ಜೊತೆಗೆ ಬಂದಿತ್ತೋ. ಯೋಚಿಸಿದಷ್ಟೂ ಗಂಟು ಬಿಗಿಯಾಗುತ್ತದೆ. ಕೇಳೋಣವೆಂದರೆ ಅವನಿಲ್ಲ. ಇದ್ದಾಗ ಅವಳು ಕೇಳಲಿಲ್ಲ.

ನೂರನೇ ವರ್ಷದ ಸಭೆ ನಡೆಯಿತು. ಬಾಗಿಲು ಹಾಕುವ ಮೊದಲು ಭಾನುಪ್ರಕಾಶ್ ಹೊರಗೆ ನಿಂತು, ಊರವರು ಕೇಳುವಂತೆ, ರಾಮಾಂಜಿನಪ್ಪ ಕಾದ ವಸ್ತು ಕೈ ಸೇರಿದೆ ಎಂದರು. ಡೈರಿಯ ಹತ್ತಿರ ಕಳ್ಳತನದ ಮಾತು ನಿಂತಿತು. ಬೀಗದ ಕೈಯನ್ನು ಅವಳೇ ಇಟ್ಟುಕೊಳ್ಳಲಿ ಎಂದೂ ಹೇಳಿದರು. ಒಳಗೆ ಏನು ಮಾಡಿದರೋ ಅವಳಿಗೆ ಗೊತ್ತಿಲ್ಲ. ಅವನ ಜಾಗದಲ್ಲಿ, ಹೊರಗೆ, ನಿಂತಿದ್ದಳು.

ಈಗಲೂ ಬೆಳಗ್ಗೆ ಒಲೆ ಹಚ್ಚುವ ಮೊದಲು ಅವಳು ಸ್ಟೀಲ್ ಬಟ್ಟಲಲ್ಲಿ ನಿಂಬೆಗಾತ್ರದ ಹುಣಸೆಹಣ್ಣು ನೆನೆಹಾಕುತ್ತಾಳೆ. ತಲೆಮನೆಯ ಮೆಟ್ಟಿಲು ಗುಡಿಸುತ್ತಾಳೆ. ಅವನು ಕೂತ ಮೆಟ್ಟಿಲನ್ನು ಕೊನೆಗೆ ಗುಡಿಸುತ್ತಾಳೆ. ಆಮೇಲೆ ಬಾಗಿಲ ಹಿತ್ತಾಳೆ ಬಳೆಯನ್ನು ಹುಳಿ ಹಚ್ಚಿ ತಿಕ್ಕಿ, ನೀರು ಹೊಯ್ದು, ಸೆರಗಿನಲ್ಲಿ ಒರೆಸುತ್ತಾಳೆ.