ಬ್ರೇಕ್ ಮೇಷ್ಟ್ರ ಬಲಗಾಲು

ನಮ್ಮ ಭಾವ ಓಡುವ ವಾಹನದಲ್ಲಿ ನಿದ್ದೆ ಮಾಡಿದ್ದನ್ನು ಕಂಡವರಿಲ್ಲ. ಬಸ್ಸಾಗಲಿ, ರೈಲಾಗಲಿ, ಹತ್ತಿ ಕುಳಿತರೆಂದರೆ ಕಣ್ಣು ಮುಂದಕ್ಕೆ, ಬಲಗಾಲು ನೆಲಕ್ಕೆ. ವೇಗ ಸ್ವಲ್ಪ ಹೆಚ್ಚಾದರೂ ಸಾಕು, ಆ ಕಾಲು ಇಲ್ಲದ ಬ್ರೇಕನ್ನು ಒತ್ತುತ್ತದೆ. ಮದುವೆಯಾದ ಹೊಸದರಲ್ಲಿ ಅಕ್ಕ ಅವರ ಜೊತೆ ಹನ್ನೊಂದು ಗಂಟೆ ರೈಲಿನಲ್ಲಿ ಹೋಗಿ ಬಂದವಳು, "ದಾರಿಯುದ್ದಕ್ಕೂ ರೈಲು ನಿಲ್ಲಿಸಿದ್ದು ಇವ್ರೇ ಕಣೋ. ಡ್ರೈವರ್ ಪಾಪ ಸುಮ್ನೆ ಜೊತೆಗೆ ಬಂದಿದ್ದ" ಎಂದಿದ್ದಳು.

ತಪ್ಪು ಕಾಲಿನದಲ್ಲ, ಕಸುಬಿನದು. ಭಾವ ಮೂವತ್ತೊಂದು ವರ್ಷ ಡ್ರೈವಿಂಗ್ ಶಾಲೆ ನಡೆಸಿದವರು. ಆ ಶಾಲೆಯ ಕಾರಿನಲ್ಲಿ ಕಲಿಯುವವರ ಮುಂದೆ ಇದ್ದ ಹಾಗೆಯೇ ಪಕ್ಕದ ಸೀಟಿನ ಮುಂದೆಯೂ ಒಂದು ಕ್ಲಚ್, ಒಂದು ಬ್ರೇಕ್ ಇದ್ದವು. ಸ್ಟೇರಿಂಗ್ ಶಿಷ್ಯನದು, ಬ್ರೇಕ್ ಗುರುವಿನದು. ಊರಿನ ಅರ್ಧ ಜನಕ್ಕೆ ಕಾರು ಕಲಿಸಿದ್ದು ಅವರೇ. ಉಳಿದ ಅರ್ಧ ಜನ ರಸ್ತೆ ದಾಟುವಾಗ ಬದುಕಿ ಉಳಿದದ್ದೂ ಅವರ ಬಲಗಾಲಿನ ದಯೆಯಿಂದಲೇ. ಹೀಗಾಗಿ ಎಲ್ಲರ ಬಾಯಲ್ಲೂ ಅವರು ಬ್ರೇಕ್ ಮೇಷ್ಟ್ರು. ನನಗೂ ಅವರೇ ಕಲಿಸಿದ್ದು, ಅದಕ್ಕೇ ನಾನು ಇಂದಿಗೂ ಅಂಚೆ ಕಚೇರಿಗೆ ಸೈಕಲ್ ತುಳಿದುಕೊಂಡು ಹೋಗುತ್ತೇನೆ.

ಅವರ ಮನೆಯ ಮುಂದಿನ ಕೋಣೆಯೇ ಶಾಲೆಯ ಕಚೇರಿ. ಗೋಡೆಯ ಮೇಲೆ ರಸ್ತೆ ಸೂಚನೆಗಳ ಪಟ, ಮೇಜಿನ ಮೇಲೆ ಉದ್ದುದ್ದ ಕತ್ತರಿಸಿ ಒಳಗಿನ ಹಲ್ಲುಗಳೆಲ್ಲ ಕಾಣುವ ಹಾಗೆ ಮಾಡಿದ ಒಂದು ಹಳೆಯ ಗೇರ್ ಬಾಕ್ಸ್. ಅದನ್ನು ಭಾವ ವಾರಕ್ಕೊಮ್ಮೆ ಎಣ್ಣೆ ಹಚ್ಚಿ ಒರೆಸುತ್ತಿದ್ದರು. ಗೇರು ಬೀಳುವಾಗ ಕಾರು ಜರ್ಕ್ ಹೊಡೆಯಿತೋ, ಅವರ ಮುಖ ಹಲ್ಲುನೋವು ಬಂದವರ ಹಾಗಾಗುತ್ತಿತ್ತು. "ಕಾರೇ ಸರಿ ಇಲ್ಲ ಮೇಷ್ಟ್ರೇ" ಎಂದು ಯಾವ ಶಿಷ್ಯನಾದರೂ ಗೊಣಗಿದರೆ ಉತ್ತರ ಸಿದ್ಧವಾಗಿತ್ತು: "ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಲಂತೆ. ಕಾರಿಂದೇನೂ ತಪ್ಪಿಲ್ಲ. ಇನ್ನೊಂದ್ಸಲ."

ಅಕ್ಕನದು ಬೇರೆ ಕಸುಬು. ದೊಡ್ಡ ಆಸ್ಪತ್ರೆಯ ರಕ್ತಪರೀಕ್ಷೆಯ ಕೋಣೆಯಲ್ಲಿ ಮೂವತ್ತು ವರ್ಷ ಸೂಜಿ ಚುಚ್ಚಿದವಳು. ಬೇರೆಯವರು ನಾಲ್ಕು ಕಡೆ ಚುಚ್ಚಿ ನರ ಸಿಗದೆ ಕೈಬಿಟ್ಟ ಮಕ್ಕಳನ್ನು ಕೊನೆಗೆ ಅವಳ ಮೇಜಿಗೇ ಕರೆತರುತ್ತಿದ್ದರು. ಮಗು ಅಳಲು ಬಾಯಿ ತೆರೆಯುವಷ್ಟರಲ್ಲಿ ಅವಳು ಹತ್ತಿ ಒತ್ತಿಯಾಗಿರುತ್ತಿತ್ತು. "ಚುಚ್ಚಿದ್ದು ಗೊತ್ತಾದ್ರೆ ಅದು ಚುಚ್ಚೋದಲ್ಲ, ತಿವಿಯೋದು" ಎನ್ನುವುದು ಅವಳ ಮಾತು.

ಇಂಥ ಕೈಯವಳಿಗೆ ಗಂಡ ಕಾರು ಕಲಿಸಲಿಲ್ಲ. ಕಲಿಸಲಿಲ್ಲ ಎಂದರೆ ಪೂರ್ತಿ ನಿಜವಲ್ಲ. ಇಪ್ಪತ್ತೆಂಟು ವರ್ಷದ ಹಿಂದೆ ಒಂದು ದಿನ ಕಲಿಸಲು ಕೂರಿಸಿದ್ದರು. ಅಕ್ಕ ಕೀಲಿ ತಿರುಗಿಸಿದಳು, ಕಾರು ಒಂದು ಗೇಣು ಮುಂದೆ ಹೋಯಿತು, ಭಾವ ಬ್ರೇಕ್ ಒತ್ತಿದರು. ಮತ್ತೆ ತಿರುಗಿಸಿದಳು, ಮತ್ತೆ ಒತ್ತಿದರು. ಮೂರನೆಯ ಸಲ ಅಕ್ಕ ಬಾಗಿಲು ತೆಗೆದು ಇಳಿದು, "ನಾನು ಹೋಗೋದು ನಿಮಗೆ ಬೇಡ ಅಂದ್ರೆ ಬಾಯಲ್ಲೇ ಹೇಳಿ, ಕಾಲಲ್ಲಿ ಹೇಳ್ಬೇಡಿ" ಎಂದು ನಡೆದುಕೊಂಡೇ ಮನೆಗೆ ಬಂದಳು. ಆಮೇಲೆ ಇಬ್ಬರೂ ಆ ಮಾತೆತ್ತಲಿಲ್ಲ. ದೀಪದ ಬುಡದಲ್ಲಿ ಕತ್ತಲೆ ಅಂತ ನಾನು ಎಷ್ಟೋ ಸಲ ಚುಚ್ಚಿದ್ದೇನೆ. ಭಾವ ಮೂಗು ಮುರಿದು ಗೇರ್ ಬಾಕ್ಸ್ ಒರೆಸುತ್ತಿದ್ದರು.

ಇಬ್ಬರೂ ಒಂದೇ ವರ್ಷ ನಿವೃತ್ತರಾದರು. ಭಾವ ಶಾಲೆಯನ್ನೂ ಕಾರನ್ನೂ ಶಿಷ್ಯನೊಬ್ಬನಿಗೆ ಬಿಟ್ಟುಕೊಟ್ಟು, ಕತ್ತರಿಸಿದ ಗೇರ್ ಬಾಕ್ಸನ್ನು ಮಾತ್ರ ಉಳಿಸಿಕೊಂಡರು. ಅಕ್ಕ ತನ್ನ ನಿವೃತ್ತಿಯ ಹಣ ಕೈಗೆ ಬಂದ ವಾರವೇ ನಮ್ಮಿಬ್ಬರನ್ನೂ ಕರೆದುಕೊಂಡು ದೊಡ್ಡ ಶೋರೂಮಿಗೆ ನಡೆದಳು. ಗಾಜಿನ ಹಾಗೆ ಹೊಳೆಯುವ ನೆಲದ ಮೇಲೆ, ಬೆಣ್ಣೆಯ ಬಣ್ಣದ ಚರ್ಮದ ಸೀಟಿನ, ಕ್ಲಚ್ಚೇ ಇಲ್ಲದ, ತಾನಾಗಿ ಗೇರು ಬದಲಿಸುವ ಭಾರಿ ಕಾರೊಂದನ್ನು ತೋರಿಸಿ ಹೇಳಿದಳು: "ಇದು ನನ್ನ ಕಾರು. ಓಡಿಸೋದು ನಾನು, ಕಲಿಸೋದು ನೀವು." ಮಾರುವವನು ಕೋಲೆ ಬಸವನ ಹಾಗೆ ತಲೆ ಆಡಿಸಿದ. ಭಾವನೂ ಆಡಿಸಿದರು, ಬೇರೆ ದಾರಿ ಇರಲಿಲ್ಲ.

ಅಕ್ಕನಿಗೆ ಒಂದು ಗುರಿಯೂ ಇತ್ತು. ಸೂಜಿ ಕೋಣೆಯ ಹಳೆಯ ಗೆಳತಿಯರೆಲ್ಲ ಎರಡು ತಿಂಗಳ ನಂತರ ಒಂದು ಭಾನುವಾರ, ನಲವತ್ತು ಕಿಲೋಮೀಟರ್ ದೂರದ ಕೆರೆಯ ಪಕ್ಕದ ವಿಶ್ರಾಂತಿ ಗೃಹದಲ್ಲಿ ಸೇರುವವರಿದ್ದರು. "ನಿಮ್ಮ ಯಜಮಾನ್ರು ಕರ್ಕೊಂಡು ಬಂದು ಬಿಡ್ತಾರಲ್ಲ ಬಿಡಿ" ಎಂದು ಅವರು ಕೆಣಕಿದ್ದಕ್ಕೆ, "ನೋಡ್ತಾ ಇರಿ, ಗೇಟಿನೊಳಗೆ ನಾನೇ ಓಡಿಸ್ಕೊಂಡು ಬರ್ತೀನಿ" ಎಂದು ಬಿಟ್ಟಿದ್ದಳು. ಕಲಿಯುವವರ ಲೈಸೆನ್ಸನ್ನೂ ಮಾಡಿಸಿಕೊಂಡು ಪರ್ಸಿನಲ್ಲಿಟ್ಟಿದ್ದಳು.

ಕಾರು ಬಂತು. ಮೊದಲ ವಾರ ನಾನು ಪಳಗಿಸುತ್ತೇನೆ, ಆಮೇಲೆ ನೀನು ಎಂದರು ಭಾವ. ಮೂರನೆಯ ದಿನವೇ ಮುಖ ಸಿಂಡರಿಸಿಕೊಂಡು ಬಂದರು.

"ಸರಿ ಇಲ್ಲ ಕಣಯ್ಯ. ಎರಡ್ರಿಂದ ಮೂರಕ್ಕೆ ಹೋಗೋವಾಗ ಏನೋ ಅನುಮಾನ ಬಂದ ಹಾಗೆ ನಿಲ್ಲುತ್ತೆ. ಆಮೇಲೆ ಹಿಂದಿಂದ ಯಾರೋ ನೂಕಿದ ಹಾಗೆ ಹಾರುತ್ತೆ. ಇಷ್ಟು ದೊಡ್ಡ ಕಾರು, ನಮ್ಮ ಶಾಲೆ ಡಬ್ಬಿಗಿಂತ ಕಡೆ."

ನಾನೂ ಅಕ್ಕನೂ ಕೂತು ನೋಡಿದೆವು. ಸುಳ್ಳಲ್ಲ. ಮಾರುಕಟ್ಟೆಯ ಬೀದಿಯಲ್ಲಿ ನಿಧಾನವಾಗಿ ಹೋಗುವಾಗಲಂತೂ ನಮ್ಮ ಮೂವರ ತಲೆಗಳೂ ಒಟ್ಟಿಗೆ ಹೌದು ಹೌದು ಎನ್ನುತ್ತಿದ್ದವು. ಸರ್ವಿಸ್ ಕೇಂದ್ರಕ್ಕೆ ಒಯ್ದರೆ, ಟೈ ಕಟ್ಟಿದ ಹುಡುಗಿ ಕಾಫಿ ಕೊಟ್ಟು, "ಹೊಸ ಕಾರು ಹೀಗೇ ಇರೋದು ಸರ್" ಎಂದಳು. ಎರಡನೆಯ ಸಲ ಕಂಪ್ಯೂಟರ್ ಜೋಡಿಸಿ, ದೋಷವೇನೂ ಇಲ್ಲವೆಂದು ಅಚ್ಚು ಹಾಕಿದ ಕಾಗದವನ್ನೇ ಕೊಟ್ಟರು. ಭಾವ ಆ ಕಾಗದವನ್ನು ಗೇರ್ ಬಾಕ್ಸಿನ ಕೆಳಗೆ ಎಣ್ಣೆ ಹೀರಲು ಹಾಕಿದರು.

ಪ್ರತಿ ಶನಿವಾರ ಅಕ್ಕ ಕೇಳುವಳು, "ನಾಳೆ ಶುರು ಮಾಡೋಣ್ವಾ?" ಪ್ರತಿ ಶನಿವಾರ ಭಾವ ಹೇಳುವರು, "ಗೇರ್ ಸರಿ ಹೋಗ್ಲಿ ಕಣೇ. ಕೆಟ್ಟ ಕಾರಲ್ಲಿ ಕಲಿತ್ರೆ ಕಾಲು ಕೆಡುತ್ತೆ." ಹೀಗೆ ಆರು ಶನಿವಾರ ಹೋದವು. ಏಳನೆಯ ಸಲ ಅಕ್ಕ ಕೇಳಲಿಲ್ಲ. ಸುಮ್ಮನೆ ಪರ್ಸಿನಿಂದ ಲೈಸೆನ್ಸ್ ತೆಗೆದು ಕಪಾಟಿನೊಳಗಿಟ್ಟು ಬಾಗಿಲು ಹಾಕಿದಳು. ಅದನ್ನು ನೋಡಿ ನನಗೆ ಭಾವನ ಮೇಲೆ ಸಿಟ್ಟು ಬಂತು. "ನಿಮಗೆ ಗೇರಿನ ಚಿಂತೆಯೋ, ಅಕ್ಕ ಓಡಿಸ್ತಾಳೆ ಅನ್ನೋ ಭಯವೋ?" ಎಂದು ನೇರವಾಗಿ ಕೇಳಿದೆ. ಭಾವ ಕೆಂಡದಂಥ ಮುಖ ಮಾಡಿ, "ನಡಿ, ಈಗ್ಲೇ ಹೋಗೋಣ. ಇವತ್ತು ಒಂದು ತೀರ್ಮಾನ ಆಗ್ಲೇಬೇಕು" ಎಂದು ಕೀಲಿ ಎತ್ತಿಕೊಂಡರು.

ಈ ಸಲ ಬಂದದ್ದು ಕೇಂದ್ರದ ಹಿರಿಯ ಮೇಸ್ತ್ರಿ. ತಲೆ ನರೆತ, ಮಾತು ಕಡಿಮೆಯ ಆಸಾಮಿ. ಕಂಪ್ಯೂಟರನ್ನು ಮುಟ್ಟಲಿಲ್ಲ. "ನೀವೇ ಓಡಿಸಿ ಸರ್, ನಾನು ಪಕ್ಕದಲ್ಲಿ ಕೂರ್ತೀನಿ" ಎಂದ. ಭಾವನ ಪಕ್ಕದಲ್ಲಿ ಕುಳಿತು ಭಾವನನ್ನು ಗಮನಿಸಿದ ಮೊದಲ ಮನುಷ್ಯ ಅವನೇ ಇರಬೇಕು. ರಸ್ತೆಯನ್ನು ಅವನು ನೋಡಲೇ ಇಲ್ಲ, ಕತ್ತು ಬಗ್ಗಿಸಿ ಭಾವನ ಕಾಲನ್ನೇ ನೋಡುತ್ತ ಕೂತ. ಒಂದು ಸುತ್ತು ಮುಗಿದ ಮೇಲೆ ಮೆಲ್ಲಗೆ ಕೇಳಿದ:

"ಸರ್, ಮುಂದೆ ಯಾರೂ ಇಲ್ದಿದ್ರೂ ಕಾಲು ಯಾಕೆ ಬ್ರೇಕ್ ಕಡೆ ಹೋಗ್ತಾ ಇತ್ತು?"

"ಹೋಗ್ತಿತ್ತಾ?"

"ಒಂದು ಕಿಲೋಮೀಟರಿಗೆ ಇಪ್ಪತ್ತೆರಡು ಸಲ. ಆಕ್ಸಿಲರೇಟರ್ ಒತ್ತುತೀರಿ, ಅರ್ಧಕ್ಕೆ ಬಿಟ್ಟು ಬ್ರೇಕ್ ಮೇಲೆ ಕಾಲಿಡ್ತೀರಿ, ಮತ್ತೆ ಒತ್ತುತೀರಿ. ನೀವು ಹೋಗ್ತೀರೋ ನಿಲ್ತೀರೋ ಅದಕ್ಕೆ ಗೊತ್ತಾಗ್ತಿಲ್ಲ. ಈ ಗೇರ್ ಬಾಕ್ಸ್ ಓಡಿಸೋರ ಕಾಲು ನೋಡಿ ಕಲಿಯುತ್ತೆ ಸರ್. ನೀವೇನು ಕಲಿಸಿದ್ರೋ ಅದನ್ನೇ ಒಪ್ಪಿಸ್ತಿದೆ."

ಹಿಂದಿನ ಸೀಟಿನಲ್ಲಿದ್ದ ನನಗೆ ನಗು ಒತ್ತರಿಸಿ ಬಂತು. ಸಾವಿರಾರು ಜನರಿಗೆ ಜರ್ಕ್ ಇಲ್ಲದ ಹಾಗೆ ಓಡಿಸುವುದನ್ನು ಕಲಿಸಿದ ಗುರುವಿಗೆ ಕೊನೆಯ ಶಿಷ್ಯ ಹೀಗೆ ಕೈಕೊಡಬೇಕೆ! ನೆಲ ಡೊಂಕಿನ ಗಾದೆ ನಾಲಗೆಯ ತುದಿಗೆ ಬಂದಿತ್ತು. ಆದರೆ ಕನ್ನಡಿಯಲ್ಲಿ ಭಾವನ ಮುಖ ಕಂಡಿತು, ಗಾದೆಯನ್ನು ನುಂಗಿಕೊಂಡೆ.

"ಕಲಿತಿದ್ದನ್ನೆಲ್ಲ ಅಳಿಸಿ ಕೊಡ್ತೀನಿ" ಎಂದ ಮೇಸ್ತ್ರಿ. "ಆಮೇಲೆ ಮೊದಲ ಕೆಲವು ದಿನ ಹಗುರ ಕಾಲಿನವರು ಯಾರಾದ್ರೂ ಓಡಿಸ್ಲಿ."

ಮನೆಗೆ ಬಂದ ಭಾವ ಚಪ್ಪಲಿ ಬಿಡುವುದನ್ನೂ ಮರೆತು ಅಡುಗೆ ಕೋಣೆಯ ಬಾಗಿಲಲ್ಲಿ ನಿಂತರು. ಅಕ್ಕ ಪಾತ್ರೆ ಒರೆಸುತ್ತಿದ್ದಳು.

"ನನಗೆ ಓಡಿಸೋಕೆ ಬರಲ್ಲ ಕಣೇ" ಎಂದರು. "ಮೂವತ್ತೊಂದು ವರ್ಷ ನಾನು ಓಡಿಸೇ ಇಲ್ಲ. ಬರೀ ನಿಲ್ಲಿಸಿದೀನಿ. ಅವತ್ತು ನಿನ್ನನ್ನೂ ನಿಲ್ಲಿಸ್ದೆ. ಭಯ ಆಗಿತ್ತು, ಬೇರೆ ಯಾರು ಕೂತಾಗ್ಲೂ ಅಷ್ಟು ಭಯ ಆಗಿರಲಿಲ್ಲ."

ಅಕ್ಕ ಒರೆಸುತ್ತಿದ್ದ ತಟ್ಟೆಯನ್ನೇ ಮತ್ತೆ ಮತ್ತೆ ಒರೆಸಿದಳು. ಆಮೇಲೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆ ನೀರೆಲ್ಲ ನಗುವಿನದೇ ಎಂದು ನಾನು ಹೇಳಲಾರೆ. "ಇದನ್ನ ಹೇಳೋಕೆ ಇಪ್ಪತ್ತೆಂಟು ವರ್ಷ ಬೇಕಾಯ್ತಾ? ಮೊದ್ಲು ಚಪ್ಪಲಿ ಬಿಡಿ" ಎಂದಳು.

ಗೆಳತಿಯರು ಸೇರುವ ಭಾನುವಾರಕ್ಕೆ ಹದಿನೈದು ದಿನ ಉಳಿದಿತ್ತು. ಮಾರನೆಯ ಬೆಳಗ್ಗೆಯೇ ಆ ಭಾರಿ ಕಾರಿನ ಬೆಳ್ಳಿಯ ಮೂಗಿಗೆ, ಶಿಷ್ಯನಿಂದ ಕೇಳಿ ತಂದ ಕೆಂಪು 'ಎಲ್' ಹಲಗೆಯನ್ನು ಹುರಿಯಲ್ಲಿ ಕಟ್ಟಿ, ಮುಚ್ಚಿದ ಗಿರಣಿಯ ಹಿಂದಿನ ಬಯಲಿಗೆ ಹೋದೆವು. ಅಕ್ಕ ಕುಳಿತಳು. ಭಾವ ಬಾಯಿ ತೆರೆಯುವ ಮುಂಚೆಯೇ ಅವರ ಪಾಠವನ್ನು ಅವರದೇ ರಾಗದಲ್ಲಿ ಒಪ್ಪಿಸಿದಳು: "ಕನ್ನಡಿ ನೋಡು. ಉಸಿರು ಬಿಡು. ಕಾಲಿಗೆ ಅವಸರ ಹೇಳ್ಬೇಡ." ಅಡುಗೆ ಕೋಣೆಯ ಕಿಟಕಿಯ ಕೆಳಗಿನ ಓಣಿಯಲ್ಲೇ ಅಲ್ಲವೇ ಶಿಷ್ಯರೆಲ್ಲ ಕಾರು ಹೊರಡಿಸಲು ಕಲಿತದ್ದು? ಪಾಠ ಕಿವಿಗೆ ಬಿದ್ದಿತ್ತು, ಕಾಲಿಗೆ ಇಳಿಯುವುದಷ್ಟೇ ಬಾಕಿ.

ಕಾರು ಹೊರಟಿತು. ದಡ್ ಎಂದು ಸದ್ದಾಯಿತು.

"ಅದೇನ್ರೀ?"

"ನನ್ನ ಕಾಲು" ಎಂದರು ಭಾವ ತಪ್ಪಿತಸ್ಥನ ಹಾಗೆ. ಅಲ್ಲಿ ಬ್ರೇಕ್ ಇರಲಿಲ್ಲ, ಮೆತ್ತನೆಯ ಮ್ಯಾಟ್ ಇತ್ತು. ಗಾಳಿ ಗುದ್ದಿ ಮೈ ನೋಯಿಸಿಕೊಂಡ ಹಾಗೆ ಹದಿನೈದು ದಿನವೂ ಅವರು ಅದನ್ನೇ ಗುದ್ದಿದರು. ಕಾಲನ್ನು ಸೀಟಿನ ಮೇಲೆ ಮಡಚಿಕೊಳ್ಳಿ ಎಂದು ಅಕ್ಕ ಹೇಳಿದರೆ ಎರಡು ನಿಮಿಷ ಮಡಚುವರು, ಮೂರನೆಯ ನಿಮಿಷಕ್ಕೆ ಅದು ತಾನಾಗಿ ಇಳಿದಿರುತ್ತಿತ್ತು. ಮನೆಗೆ ಬಂದು ಮೊಣಕಾಲಿಗೆ ಮುಲಾಮು ಹಚ್ಚಿಕೊಳ್ಳುತ್ತಿದ್ದರು. ಆದರೆ ಒಂದು ಮಾತು ಹೇಳಬೇಕು, ಒಮ್ಮೆಯೂ ಬೈಯಲಿಲ್ಲ, ಸ್ಟೇರಿಂಗಿಗೆ ಕೈ ಹಾಕಲಿಲ್ಲ.

ಭಾನುವಾರ ಬಂತು. ಬೆಳಗ್ಗೆ ಎಂಟಕ್ಕೆ ಹೊರಟೆವು, ಅಕ್ಕ ಸ್ಟೇರಿಂಗಿನ ಹಿಂದೆ, ಭಾವ ಪಕ್ಕದಲ್ಲಿ, ನಾನು ಹಿಂದೆ. ಊರು ದಾಟುವವರೆಗೆ ದಡ್ ದಡ್ ಎಂದು ಎಣಿಸಿದೆ, ಒಂಬತ್ತು. ಇಟ್ಟಿಗೆ ಲಾರಿಯೊಂದು ಅಡ್ಡದಾರಿಯಿಂದ ತಟ್ಟನೆ ನುಗ್ಗಿತು. ಅಕ್ಕ ಬ್ರೇಕ್ ಒತ್ತಿದ್ದು ನಮ್ಮ ಮೈಗೆ ಗೊತ್ತಾಗಲೇ ಇಲ್ಲ, ಲಾರಿ ಮಾತ್ರ ತನ್ನ ಪಾಡಿಗೆ ಮುಂದೆ ದಾಟಿ ಹೋಯಿತು. ಭಾವನ ಕಾಲು ಆಗ ಹತ್ತನೆಯ ಸಲ ಗುದ್ದಿತು. ಅದೇ ಕೊನೆ.

ಏರುದಾರಿ ಶುರುವಾಯಿತು. ಎರಡರಿಂದ ಮೂರಕ್ಕೆ ಹೋಗುವಾಗ ಅನುಮಾನ ಬರುವುದಕ್ಕಾಗಿ ನಾನು ಕಾದೆ. ಮುಂದಿನ ಫಲಕದಲ್ಲಿ ಅಂಕಿ ಏರುತ್ತಲೇ ಹೋಯಿತು, ಅನುಮಾನ ಬರಲಿಲ್ಲ, ಯಾರೂ ಹಿಂದಿನಿಂದ ನೂಕಲಿಲ್ಲ. "ಭಾವ, ಗೇರ್ ಹೇಗಿದೆ?" ಎಂದು ಕೇಳಿದೆ. ಮುಂದೆ ಬಾಗಿ ನೋಡಿದೆ. ಎರಡೂ ಕಾಲುಗಳನ್ನು ಬೆಣ್ಣೆಬಣ್ಣದ ಸೀಟಿನ ಮೇಲೆ ಮಡಚಿಕೊಂಡು, ತಲೆಯನ್ನು ಕಿಟಕಿಗೆ ಒರಗಿಸಿ, ಬಾಯಿ ತುಸು ತೆರೆದು, ಬ್ರೇಕ್ ಮೇಷ್ಟ್ರು ಗೊರಕೆ ಹೊಡೆಯುತ್ತಿದ್ದರು.

ಅಕ್ಕ ಒಂದು ಸಲ ಆ ಕಡೆ ನೋಡಿ, ತುಟಿಯ ಮೇಲೆ ಬೆರಳಿಟ್ಟು ನನ್ನನ್ನು ಗದರಿಸಿದಳು.

ಕೆರೆ ಕಂಡಿತು, ವಿಶ್ರಾಂತಿ ಗೃಹದ ಗೇಟೂ ಕಂಡಿತು. ಗೆಳತಿಯರು ಏಳು ಮಂದಿ ಸಾಲಾಗಿ ನಿಂತು ಕೈಬೀಸುತ್ತಿದ್ದರು, ಒಬ್ಬಳಂತೂ ಫೋಟೋ ತೆಗೆಯಲು ಫೋನ್ ಹಿಡಿದೇ ಇದ್ದಳು. ಇಪ್ಪತ್ತೆಂಟು ವರ್ಷ ಅಕ್ಕ ಕಾದದ್ದು ಆ ಗೇಟಿಗಾಗಿ. ಅವಳು ವೇಗವನ್ನು ಸ್ವಲ್ಪವೂ ತಗ್ಗಿಸದೆ, ಅವರ ಮುಂದೆಯೇ ಹಾದು, ಕೆರೆಯ ಏರಿಯ ರಸ್ತೆಗೆ ಕಾರನ್ನು ತಿರುಗಿಸಿದಳು. ಕೈಗಳೆಲ್ಲ ಗಾಳಿಯಲ್ಲೇ ಉಳಿದವು.

ಅಕ್ಕನ ಫೋನು ನನ್ನ ಕೈಯಲ್ಲಿ ನಡುಗಿತು. "ಎಲ್ಲಿಗ್ರೀ ಹೋಗ್ತಿದೀರಾ? ಗೇಟ್ ಇಲ್ಲಿದೆ!" ಎಂದು ಆ ಕಡೆಯಿಂದ ಯಾರೋ ಕೂಗಿದರು.

"ಏನು ಹೇಳ್ಲಿ?" ಎಂದು ಪಿಸುಗುಟ್ಟಿದೆ.

"ನಿಲ್ಲಿಸಿದ್ರೆ ಇವ್ರಿಗೆ ಎಚ್ಚರ ಆಗ್ಬಿಡುತ್ತೆ ಕಣೋ" ಎಂದಳು ಅಕ್ಕ. "ಇನ್ನೊಂದು ಸುತ್ತು ಹಾಕ್ಕೊಂಡು ಬರ್ತೀವಿ ಅಂತ ಹೇಳು."