ದೋಣಿಗೆ ಕಂಬಳಿ ಹೊದಿಸುವ ಉಚ್ಚೀರಪ್ಪ

ಕೌತಾಳಂ ದಾಟಿ ತುಂಗಭದ್ರೆಯ ದಂಡೆಗೆ ಇಳಿಯುವ ಮಣ್ಣುದಾರಿಯ ಕೊನೆಯಲ್ಲಿ ಹಳೆಯ ಲಾರಿಯೊಂದು ನಿಂತಿದೆ. ಸಂಕ್ರಾಂತಿ ಕಳೆದು ವಾರವಾಗಿದೆ, ಹೊಳೆಯ ಮೇಲಿನ ಮಂಜು ಇನ್ನೂ ಎದ್ದಿಲ್ಲ. ಲಾರಿಯ ಮೇಲೆ ಕಬ್ಬಿಣದ ಅಟ್ಟಣಿಗೆ, ಅದರ ಮೇಲೆ ಲುಂಗಿ ಎತ್ತಿಕಟ್ಟಿ ಮಂಡಿಯೂರಿ ಕೂತ ಒಬ್ಬರು. ಐವತ್ತು ದಾಟಿದ ವಯಸ್ಸು. ಪಕ್ಕದಲ್ಲಿ ಕರಿಕಂಬಳಿಗಳ ರಾಶಿ. ಒಂದೊಂದನ್ನೇ ಕೊಡವಿ, ಮಡಚಿ, ಕಬ್ಬಿಣದ ಮೇಲೆ ಹಾಸಿ, ಅಂಗೈಯಿಂದ ಒತ್ತಿ ನೋಡುತ್ತಿದ್ದಾರೆ. ಕೆಳಗೆ ನಿಂತ ನನ್ನ ಹಲ್ಲು ಚಳಿಗೆ ಕಟಕಟ ಎನ್ನುತ್ತಿದೆ. ಒಂದು ಕಂಬಳಿ ಕೊಡ್ತೀರಾ ಎಂದು ಕೇಳಿಯೇಬಿಟ್ಟೆ.

"ಇವು ದೋಣಿಗೆ ರಿ ಸರ್," ಎಂದು ಅವರು ಮೇಲಿನಿಂದಲೇ ನಕ್ಕರು. "ನಿಮಗ ಬೇಕಂದ್ರ ಚಾ ಐತಿ ನೋಡ್ರಿ, ಕ್ಯಾಬಿನ್‌ನಾಗ."

ಇವರೇ ಉಚ್ಚೀರಪ್ಪ. ಇಲ್ಲಿನ ಪುಟ್ಟ ದೋಣಿ ತರಬೇತಿ ಕೇಂದ್ರದ ಲಾರಿ ಡ್ರೈವರ್. ಸುತ್ತಲ ಹಳ್ಳಿಗಳ ಕೂಲಿಕಾರರ, ಕುರಿಗಾರರ ಮಕ್ಕಳು ಇಲ್ಲಿ ಪಂದ್ಯದ ದೋಣಿ ನಡೆಸುವುದನ್ನು ಕಲಿಯುತ್ತಾರೆ. ಪಂದ್ಯ ನಡೆಯುವುದು ಮಾತ್ರ ಹೈದರಾಬಾದಿನಲ್ಲೋ ಕೃಷ್ಣೆಯ ದಂಡೆಯ ಬೆಜವಾಡದ ಕಡೆಯೋ. ಮಕ್ಕಳು ರೈಲು ಹತ್ತಿ ಹೋಗಿಬಿಡುತ್ತಾರೆ, ದೋಣಿ ರೈಲು ಹತ್ತುವುದಿಲ್ಲವಲ್ಲ! ಅದನ್ನು ಇಲ್ಲಿಂದ ಒಯ್ದು, ಗೀರು ಬೀಳದಂತೆ ನೀರಿಗಿಳಿಸಿ, ಅಷ್ಟೇ ಜೋಪಾನವಾಗಿ ತಿರುಗಿ ತರುವವರು ಉಚ್ಚೀರಪ್ಪ. ಗೆದ್ದವರ ಫೋಟೊ ಪೇಪರಿನಲ್ಲಿ ಬರುತ್ತದೆ. ಆ ಫೋಟೊದಲ್ಲಿ ಇವರ ಲಾರಿಯ ಬಂಪರ್ ಕೂಡ ಇದುವರೆಗೆ ಬಂದಿಲ್ಲ.

ಪಂದ್ಯದ ದೋಣಿ ಎಂದರೆ ನಾವು ಹೊಳೆಯಲ್ಲಿ ನೋಡಿದ ತೆಪ್ಪವಲ್ಲ, ಹರಿಗೋಲಲ್ಲ. ಒಬ್ಬರೇ ಕೂರುವ ದೋಣಿಯೂ ಉದ್ದದಲ್ಲಿ ಇಡೀ ಲಾರಿಯನ್ನು ಮೀರಿಸುತ್ತದೆ, ಅಗಲ ಮಾತ್ರ ಒಂದು ಮೊಳಕ್ಕೆ ಹತ್ತಿರ. ಒಬ್ಬರೇ ಹೆಗಲಿಗೇರಿಸಿಕೊಂಡು ಬರಬಹುದು, ಅಷ್ಟು ಹಗುರ. ಹಗುರವಾಗಿರುವುದೇ ಫಜೀತಿ. "ಹಪ್ಪಳ ರಿ ಇದು, ಹಪ್ಪಳ," ಎನ್ನುತ್ತಾರೆ ಉಚ್ಚೀರಪ್ಪ. "ನೀರಿನಾಗ ಹುಲಿ, ದಾರಿನಾಗ ಹಪ್ಪಳ."

ಬೆಳಕು ಹರಿಯುವ ಹೊತ್ತಿಗೆ ಮಕ್ಕಳು ದೋಣಿಗಳನ್ನು ತೊಳೆದು ಒರೆಸಿ ತಂದರು. ಹುಟ್ಟನ್ನು ಹಿಡಿದು ನಿಲ್ಲಿಸುವ ಲೋಹದ ಕೈಗಳನ್ನು ಮೊದಲೇ ಬಿಚ್ಚಿದ್ದಾರೆ. ಒಂದೊಂದು ದೋಣಿಯ ನಟ್ಟು ಬೋಲ್ಟುಗಳಿಗೆ ಒಂದೊಂದು ಸಣ್ಣ ಬಟ್ಟೆಚೀಲ. ದೋಣಿಯನ್ನು ಬೋರಲು ಹಾಕಿ ಕಂಬಳಿಯ ಮೇಲಿಡುತ್ತಾರೆ, ಮೇಲೊಂದು ಕಂಬಳಿ ಹೊದಿಸುತ್ತಾರೆ, ಅದರ ಮೇಲೆ ಅಗಲವಾದ ನೂಲಿನ ಪಟ್ಟಿ ಬಿಗಿಯುತ್ತಾರೆ. ಬಿಗಿಯುವುದೆಂದರೆ ಕೈಯ ಬಲದಿಂದ ಮಾತ್ರ, ಕಾಲು ಊರಿ ಜಗ್ಗುವುದಿಲ್ಲ. ಪಟ್ಟಿಯಡಿ ಎರಡು ಬೆರಳು ತೂರಿಸಿ ನೋಡುತ್ತಾರೆ. ಗಾಳಿಗೆ ಪಟ್ಟಿ ಬಡಿದುಕೊಳ್ಳಬಾರದೆಂದು ಒಂದು ಸುತ್ತು ತಿರುಚುತ್ತಾರೆ. ಕೊನೆಗೆ ಹಿಂದೆ ಚಾಚಿದ ಬಾಲಕ್ಕೆ ಕೆಂಪು ಬಟ್ಟೆ.

ಸ್ಪಂಜು ಸಿಗುತ್ತದಲ್ಲ, ಕಂಬಳಿಯೇ ಏಕೆ? "ಸ್ಪಂಜು ನಮ್ಮ ಬಿಸಿಲಿಗೆ ಒಂದು ವರ್ಷಕ್ಕ ಪುಡಿಪುಡಿ ಆಗಿ ಉದುರ್ತೈತಿ. ಕಂಬಳಿ ಜಾರಂಗಿಲ್ಲ, ಗೀರಂಗಿಲ್ಲ. ನಮ್ಮಪ್ಪ ಹೊದ್ದ ಕಂಬಳಿನೂ ಇದರಾಗ ಒಂದೈತಿ," ಎಂದರು.

ಕಂಬಳಿಗಳನ್ನು ದೋಣಿಯ ಅಳತೆಗೆ ಹೊಲಿದುಕೊಟ್ಟವರು ಹೆಂಡತಿ ಗಾದಿಲಿಂಗಮ್ಮ. ರೊಟ್ಟಿಬುತ್ತಿ ಕೊಡಲು ದಂಡೆಗೆ ಬಂದಿದ್ದ ಆಕೆ ನನ್ನನ್ನು ಕಂಡದ್ದೇ ತಡ, ಗಂಡನ ಮೇಲೆ ದೂರು ಶುರು ಮಾಡಿದರು. "ಮೂರು ಮಕ್ಕಳನ್ನ ಹೆತ್ತೀನ್ರಿ ನಾನು. ಒಂದಕ್ಕರ ಈ ಮನುಷ್ಯ ಹಿಂಗ ಕಂಬಳಿ ಹೊದಿಸಿದ್ದು ನೋಡಿಲ್ಲ. ಬರೀರಿ ಇದನ್ನ, ಪೇಪರಿನಾಗ ಬರೀರಿ!" ಬರೆದಿದ್ದೇನೆ ತಾಯಿ.

ಉಚ್ಚೀರಪ್ಪನವರದು ಕುರಿ ಸಾಕುವ ಮನೆತನ. ಹುಡುಗನಾಗಿದ್ದಾಗ ಅಪ್ಪನ ಹಿಂದೆ ಮಂದೆ ಕಾದವರು. ಆಮೇಲೆ ಆದೋನಿಯ ಹತ್ತಿ ಮಾರುಕಟ್ಟೆಯಲ್ಲಿ ಹಮಾಲಿ, ಅಲ್ಲಿಂದ ಲಾರಿ ಕ್ಲೀನರ್, ಕೊನೆಗೆ ಡ್ರೈವರ್. ಇಪ್ಪತ್ತು ವರ್ಷ ಹತ್ತಿಯ ಅಂಡಿಗೆ, ಎಂದರೆ ದೊಡ್ಡ ಮೂಟೆ, ಹೇರಿದ್ದಾರೆ. ಲಾರಿಯ ಮೇಲೆ ಇನ್ನೊಂದು ಲಾರಿಯಷ್ಟು ಎತ್ತರಕ್ಕೆ ಅಂಡಿಗೆ ಒಟ್ಟಿ, ಗಾಲಿಗೆ ಕಾಲು ಕೊಟ್ಟು, ಮೈಯೆಲ್ಲ ಹಿಂದಕ್ಕೆ ವಾಲಿಸಿ ಹಗ್ಗ ಜಗ್ಗುವುದನ್ನು ಆದೋನಿಯವರು ನೋಡಿಯೇ ಇರುತ್ತಾರೆ. "ನಾ ಬಿಗಿದ ಹಗ್ಗ ಗುಂತಕಲ್ ತನಕ ಅಲ್ಲ, ಗುಂಟೂರು ತನಕ ಹೋದರೂ ಅಲುಗ್ತಿರಲಿಲ್ಲ ರಿ. ಮಾರ್ಕೆಟ್‌ನಾಗ ಹೆಸರಿತ್ತು ನಂದು," ಎನ್ನುತ್ತಾರೆ.

ಆ ಹೆಸರನ್ನು ಕೇಳಿಯೇ ನರಸಣ್ಣ ಇವರನ್ನು ಕರೆತಂದದ್ದು. ನರಸಣ್ಣ ಕೋಸಗಿ ಕಡೆಯವರು. ಸೈನ್ಯದಲ್ಲಿ ದೋಣಿ ನಡೆಸುವುದನ್ನು ಕಲಿತು, ನಿವೃತ್ತರಾಗಿ ಬಂದು ಈ ಕೇಂದ್ರ ಕಟ್ಟಿದವರು. ಮೊದಲನೇ ಸಲ ಬೆಜವಾಡದ ಪಂದ್ಯಕ್ಕೆ ದೋಣಿ ಹೇರುವಾಗ ಅವರು ಮಕ್ಕಳ ಜೊತೆ ರೈಲಿಗೆ ಹೋಗಿದ್ದರು. ಇಲ್ಲಿ ಉಚ್ಚೀರಪ್ಪ ತಮಗೆ ಗೊತ್ತಿದ್ದಂತೆ ಕಟ್ಟಿದರು. ಗಾಲಿಗೆ ಕಾಲು ಕೊಟ್ಟರು, ಹಿಂದಕ್ಕೆ ವಾಲಿದರು, ಜಗ್ಗಿದರು.

"ಟಕ್ ಅಂತು ರಿ," ಎಂದು ಹೇಳಿ ಉಚ್ಚೀರಪ್ಪ ಕೈಯಲ್ಲಿದ್ದ ಪಟ್ಟಿಯನ್ನು ಕೆಳಗಿಟ್ಟರು. "ನನಗ ಕೇಳಿಸ್ತು. ಮರದ ತುಂಡು ಇರಬೇಕು, ಗಂಟು ಕೂತಿರಬೇಕು ಅಂತ ನನಗ ನಾನೇ ಹೇಳಿಕೊಂಡೆ. ಇಳಿದು ನೋಡಲಿಲ್ಲ. ಯಾರಿಗೂ ಹೇಳಲಿಲ್ಲ."

ಆ ದೋಣಿ ಶಿರೀಷಾಳದು. ಕೋಸಗಿಯ ಹುಡುಗಿ, ಆಗ ಹದಿನಾರು ವರ್ಷ. ತಾಯಿ ಉರುಕುಂದಮ್ಮ, ತಂದೆ ಇಬ್ಬರೂ ಪ್ರತಿ ವರ್ಷ ಗುಂಟೂರು ಕಡೆ ಮೆಣಸಿನಕಾಯಿ ಬಿಡಿಸಲು ವಲಸೆ ಹೋಗುವವರು. ಪಂದ್ಯದಲ್ಲಿ ಆಯ್ಕೆಯಾದರೆ ಮಗಳಿಗೆ ಕ್ರೀಡಾ ಹಾಸ್ಟೆಲಿನಲ್ಲಿ ಸೀಟು, ಇಲ್ಲದಿದ್ದರೆ ತಮ್ಮ ಜೊತೆ ಹೊಲಕ್ಕೆ ಎಂದು ಹೇಳಿಬಿಟ್ಟಿದ್ದರು. ಅರ್ಧ ದೂರದ ತನಕ ಹುಡುಗಿಯೇ ಮುಂದಿದ್ದಳಂತೆ. ಆಮೇಲೆ ದೋಣಿ ಭಾರವಾಗುತ್ತಾ ಹೋಯಿತು. ಕೊನೆಯವಳಾಗಿ ದಂಡೆ ಮುಟ್ಟಿದಳು. ತನ್ನ ತೋಳಿನಲ್ಲೇ ಸತ್ವವಿಲ್ಲ ಎಂದು ಎಲ್ಲರೆದುರು ಅತ್ತಳು. ದೋಣಿಯನ್ನು ಎತ್ತಿ ಮಗುಚಿದಾಗ ಒಳಗಿನಿಂದ ದಬದಬ ನೀರು ಸುರಿಯಿತು. ತಳದಲ್ಲಿ, ಪಟ್ಟಿ ಕೂತಿದ್ದ ಕಡೆ, ಬೆರಳುದ್ದದ ಬಿರುಕು.

ಉಚ್ಚೀರಪ್ಪ ಅಲ್ಲೇ, ಎಲ್ಲರ ನಡುವೆ, ಟಕ್ ಎಂದದ್ದನ್ನು ಹೇಳಿದರು. ಹುಡುಗಿ ಒಂದೇ ಮಾತು ಕೇಳಿದಳಂತೆ: "ಕೇಳಿಸಿತ್ತಾ ಮಾವ?" ಮಾವ ಎಂದದ್ದು ಅದೇ ಕೊನೆ. ಆ ವರ್ಷ ಆಕೆ ಅಪ್ಪ ಅಮ್ಮನ ಜೊತೆ ಮೆಣಸಿನಕಾಯಿ ಹೊಲಕ್ಕೆ ಹೋದಳು. ಕೇಂದ್ರದ ಮಕ್ಕಳೆಲ್ಲ ಉಚ್ಚೀರಪ್ಪನವರನ್ನು ಮಾವ ಎಂದೇ ಕರೆಯುತ್ತಾರೆ. ಹೊಲದ ಕೆಲಸ ಮುಗಿಸಿ ತಿರುಗಿ ಬಂದ ಶಿರೀಷಾ ಮಾತ್ರ "ಡ್ರೈವರ್ ಗಾರು" ಎನ್ನತೊಡಗಿದಳು.

"ಗಾರು ಅಂದ್ರ ತೆಲುಗಿನಾಗ ಮರ್ಯಾದಿ ಮಾತೇ ರಿ. ಬೈಗುಳ ಏನಲ್ಲ," ಎನ್ನುತ್ತಾರೆ ಉಚ್ಚೀರಪ್ಪ. ಪಟ್ಟಿಯನ್ನು ಮತ್ತೆ ಕೈಗೆತ್ತಿಕೊಂಡು, "ಬೈದಿದ್ರ ಚಲೋ ಇತ್ತು," ಎಂದು ಸೇರಿಸುತ್ತಾರೆ.

ಕೆಲಸ ಬಿಟ್ಟು ಹೋಗುತ್ತೇನೆಂದು ಅವರು ಕೀಲಿಕೈ ಕೊಡಲು ಹೋದಾಗ ನರಸಣ್ಣ ತೆಗೆದುಕೊಳ್ಳಲಿಲ್ಲ. ಅದನ್ನು ನರಸಣ್ಣನವರ ಬಾಯಲ್ಲೇ ಕೇಳಿ: "ಹೊಸಬನ್ನ ತಂದ್ರ ಅವನೂ ಒಂದು ಮುರಿದೇ ಕಲೀಬೇಕು. ಇವನು ಮುರಿದು ಕಲ್ತಾನ. ಮತ್ತ ಯಾಕ ಇನ್ನೊಂದು ದೋಣಿ ಕಳಕೋಬೇಕು ನಾನು? ಜೊತಿಗೆ, ಕಟ್ಟೋದು ಹೆಂಗ ಅಂತ ತೋರಿಸದಂಗ ರೈಲು ಹತ್ತಿದಾಂವ ನಾನೇ ಅಲ್ಲೇನು?"

ಅಂದಿನಿಂದ ಈ ಕೇಂದ್ರದಲ್ಲಿ ಉಚ್ಚೀರಪ್ಪನವರದೇ ಒಂದು ಪದ್ಧತಿ ನಡೆದುಬಂದಿದೆ. ಕುರಿಸಂತೆಯಲ್ಲಿ ಕೊಳ್ಳುವವನು ಕುರಿಯ ಬೆನ್ನನ್ನು ಒತ್ತಿ ನೋಡದೆ ವ್ಯಾಪಾರ ಮುಗಿಸುವುದಿಲ್ಲ. ಹಾಗೆಯೇ ಇಲ್ಲಿ ದೋಣಿ ಲಾರಿಯಿಂದ ಇಳಿದ ಕೂಡಲೇ, ಅದರಲ್ಲಿ ಕೂರುವ ಹುಡುಗ ಅಥವಾ ಹುಡುಗಿ ಬೋರಲಾದ ದೋಣಿಯ ತಳವನ್ನು, ಅಂದರೆ ಬೆನ್ನನ್ನು, ತುದಿಯಿಂದ ತುದಿಗೆ ಒತ್ತಿ, ಬೆರಳಿನಿಂದ ತಟ್ಟಿ ನೋಡಬೇಕು. ಅಲ್ಲಿಯವರೆಗೆ ನೀರಿಗಿಳಿಸುವಂತಿಲ್ಲ. ಉಳಿದ ಮಕ್ಕಳು ಐದು ನಿಮಿಷದಲ್ಲಿ ಮುಗಿಸುತ್ತಾರೆ. ಶಿರೀಷಾ ಪಟ್ಟಿ ಕೂತಿದ್ದ ಜಾಗಗಳನ್ನೆಲ್ಲ ಎರಡೆರಡು ಸಲ ನೋಡುತ್ತಾಳೆ, ಅಷ್ಟೂ ಹೊತ್ತು ಉಚ್ಚೀರಪ್ಪ ಕೈಕಟ್ಟಿ ಪಕ್ಕದಲ್ಲಿ ನಿಂತಿರುತ್ತಾರೆ.

ಈ ಸಲ ಬೆಜವಾಡದ ಕಡೆಗೆ, ಕೃಷ್ಣೆಯ ಹಿನ್ನೀರಿಗೆ ಪಯಣ. ಶಿರೀಷಾಗೆ ಈಗ ಹದಿನೆಂಟು, ಅವಳ ವಯಸ್ಸಿನ ಗುಂಪಿನಲ್ಲಿ ಇದೇ ಕಡೆಯ ಅವಕಾಶ. ದೋಣಿಯೂ ಅದೇ, ಬಿರುಕಿಗೆ ತೇಪೆ ಹಾಕಿದ್ದು. ಇನ್ನೊಂದು ದೋಣಿ ಕೊಳ್ಳುವ ಶಕ್ತಿ ಕೇಂದ್ರಕ್ಕಿಲ್ಲ. ಹಾಗಾಗಿ ಅದನ್ನು ಅಟ್ಟಣಿಗೆಯ ನಡುವೆ, ಕುಲುಕಾಟ ಕಡಿಮೆ ಇರುವಲ್ಲಿ ಇಟ್ಟಿದ್ದಾರೆ. ಅಪ್ಪನ ಕಂಬಳಿ ಹೊದಿಸಿರುವುದೂ ಅದಕ್ಕೇ.

ನಾನು ಕ್ಯಾಬಿನ್ನಿನಲ್ಲಿ ಪಕ್ಕಕ್ಕೆ ಕೂತೆ. ಗಂಟೆಗೆ ನಲವತ್ತು ಕಿಲೊಮೀಟರ್ ಮೀರದ ಪ್ರಯಾಣ ಎಂದರೆ ಹೇಗಿರುತ್ತದೆ ಗೊತ್ತೇ? ಆದೋನಿ ದಾಟುವಷ್ಟರಲ್ಲಿ ಹತ್ತಿ ಲಾರಿಗಳು, ಆಟೋಗಳು, ಕೊನೆಗೆ ಒಂದು ಟ್ರ್ಯಾಕ್ಟರ್ ಕೂಡ ನಮ್ಮನ್ನು ಹಿಂದೆ ಹಾಕಿ ಹೋಯಿತು. ಹಳೆಯ ಸ್ನೇಹಿತನೊಬ್ಬ ಅಂಡಿಗೆ ಲಾರಿಯಿಂದ ತಲೆ ಹೊರಹಾಕಿ, "ಏನ್ ಉಚ್ಚೀರಪ್ಪ, ಬಸುರಿನ್ನ ಕೂಡಿಸಿಕೊಂಡು ಹೊಂಟೀಯೇನು?" ಎಂದು ಕೂಗಿದ. ಇವರು ತಿರುಗಿಯೂ ನೋಡದೆ, "ಹೌದೋ, ತವರಿಗೆ ಬಿಡಾಕ ಹೊಂಟೀನಿ," ಎಂದರು.

ರಸ್ತೆಯ ಉಬ್ಬು ಎಲ್ಲೆಲ್ಲಿದೆ ಎಂಬುದು ಅವರಿಗೆ ಬಾಯಿಪಾಠ. ಬಿಸಿಲೇರಿದಾಗ ಒಮ್ಮೆ, ನಲ್ಲಮಲದ ಘಾಟಿ ಹತ್ತುವ ಮುನ್ನ ಒಮ್ಮೆ, ಇಳಿದ ಮೇಲೆ ಒಮ್ಮೆ ಲಾರಿ ನಿಲ್ಲಿಸಿ ಮೇಲೆ ಹತ್ತಿದರು. ಇಬ್ಬನಿಗೆ ನೆಂದ ಪಟ್ಟಿ ಒಣಗಿದರೆ ತಾನೇ ಬಿಗಿಯುತ್ತದಂತೆ, ಅದನ್ನು ಸಡಿಲಿಸಿ ಮತ್ತೆ ಹದಕ್ಕೆ ತರಬೇಕು. ಒಂದು ಕಡೆ ನನಗೇ ಸಣ್ಣಗೆ ಏನೋ ಟಕ್ ಎಂದಂತಾಯಿತು. ನಾನು ಬಾಯಿ ತೆರೆಯುವ ಮೊದಲೇ ಅವರು ಬ್ರೇಕ್ ಒತ್ತಿ ಇಳಿದಾಗಿತ್ತು. ಎಲ್ಲ ದೋಣಿಗಳನ್ನೂ ತಡವಿ ಬಂದರು. ನೋಡಿದರೆ ಗಾದಿಲಿಂಗಮ್ಮನವರ ಬುತ್ತಿಡಬ್ಬಿಯ ಮುಚ್ಚಳ ಸೀಟಿನ ಕೆಳಗೆ ಜಾರಿ ಬಿದ್ದಿತ್ತು. ನಾನು ನಕ್ಕೆ. ಅವರು ನಗಲಿಲ್ಲ, ಹಣೆಯ ಬೆವರು ಒರೆಸಿಕೊಂಡರು.

ಘಾಟಿ ಇಳಿದ ಮೇಲೆ ನಾನು ಕೇಳಿಯೇಬಿಟ್ಟೆ. ನಿಮಗೇನು ಆಸೆ ಉಳಿದಿದೆ? ಹೊಸ ಲಾರಿಯೇ, ಸಂಬಳ ಹೆಚ್ಚಾಗುವುದೇ?

"ಲಾರಿ ಓಡ್ತೈತಿ ರಿ, ಬಿಡ್ರಿ." ಗೇರು ಬದಲಿಸಿದರು. "ಒಂದು ಸಲ ಆ ಹುಡುಗಿ ಬೆನ್ನು ನೋಡದಂಗ ದೋಣಿ ಎತ್ತಿಕೊಂಡು ಹೋಗಬೇಕು. ಇಂವ ತಂದಾನ, ಸರಿ ಇರ್ತೈತಿ ಅಂತ. ಅಷ್ಟ ನೋಡ್ರಿ."

ದಾರಿಯಲ್ಲಿ ಒಂದು ರಾತ್ರಿ ತಂಗಿ, ಎರಡನೆಯ ದಿನ ಸಂಜೆ ಬೆಜವಾಡ ಮುಟ್ಟಿದೆವು. ಮರುದಿನದ ಪಂದ್ಯದಲ್ಲಿ ಶಿರೀಷಾ ಎರಡನೆಯವಳಾಗಿ ಬಂದು ಆಯ್ಕೆಯಾದದ್ದು ಪೇಪರಿನ ಕ್ರೀಡಾಪುಟದಲ್ಲಿ ನಾಲ್ಕು ಸಾಲಾಗಿ ಬಂದಿದೆ. ಮೆಣಸಿನಕಾಯಿ ಹೊಲದಿಂದ ಬಸ್ಸು ಹಿಡಿದು ಬಂದಿದ್ದ ಉರುಕುಂದಮ್ಮ, ಕೈಗಂಟಿದ ಖಾರ ಮರೆತು ಕಣ್ಣೊರೆಸಿಕೊಂಡು ಇನ್ನಷ್ಟು ಅತ್ತದ್ದು ಬಂದಿಲ್ಲ. ಅದಕ್ಕೂ ಹಿಂದಿನ ಸಂಜೆ ಹಿನ್ನೀರಿನ ದಂಡೆಯಲ್ಲಿ ನಡೆದದ್ದನ್ನಂತೂ ನಾನೇ ಬರೆಯಬೇಕು.

ದೋಣಿಗಳು ಒಂದೊಂದಾಗಿ ಇಳಿದವು. ಮಕ್ಕಳು ಬೆನ್ನು ಒತ್ತಿ ನೋಡಿ ಒಯ್ದರು. ಕಡೆಗೆ ಶಿರೀಷಾಳ ದೋಣಿ. ಉಚ್ಚೀರಪ್ಪ ಅಪ್ಪನ ಕಂಬಳಿಯನ್ನು ತೆಗೆದು ಹೆಗಲಿಗೆ ಹಾಕಿಕೊಂಡು, ಎಂದಿನಂತೆ ಕೈಕಟ್ಟಿ ನಿಂತರು. ಹುಡುಗಿ ಬಂದಳು. ಕಂಬಳಿಯನ್ನು ನೋಡಿದಳು, ಅವರನ್ನು ನೋಡಿದಳು. ಬಗ್ಗಿ ದೋಣಿಯನ್ನು ಹೆಗಲಿಗೇರಿಸಿಕೊಂಡು ಸೀದಾ ನೀರಿನ ಕಡೆ ಹೊರಟೇಬಿಟ್ಟಳು.

ಬೇಡಿದ ವರವೇ ಕೈಗೆ ಬಂತಲ್ಲ ಎಂದು ನಾನು ಇವರತ್ತ ತಿರುಗಿದರೆ, ಈ ಮನುಷ್ಯ ಗಂಟಲು ಹರಿಯುವಂತೆ ಕೂಗುತ್ತಾ ಓಡುತ್ತಿದ್ದಾರೆ!

"ಏ ಹುಡುಗಿ! ನಿಲ್ಲು! ಬೆನ್ನು ನೋಡದಂಗ ಎಲ್ಲಿಗೆ ಒಯ್ತೀಯೇ? ತಲಿ ಕೆಟ್ಟೈತೇನು ನಿನಗ?"

ಶಿರೀಷಾ ನಿಂತಳು. "ನೀ ಕಟ್ಟೀಯಲ್ಲ ಮಾವ. ಏನ್ ನೋಡೋದೈತಿ?"

ಉಚ್ಚೀರಪ್ಪ ನಿಂತಲ್ಲೇ ನಿಂತರು. ಕಂಬಳಿಯನ್ನು ಈ ಹೆಗಲಿನಿಂದ ಆ ಹೆಗಲಿಗೆ ಹಾಕಿಕೊಂಡರು. "ಅದೆಲ್ಲಾ ಇರಲಿ," ಎಂದರು ಕಡೆಗೆ. "ಇಳಿಸು ಮೊದಲು. ನಾ ಕಟ್ಟಿದ್ದಕ್ಕ ಅಲ್ಲೇನು ಒಂದು ಸಲ ಒಡೆದಿದ್ದು? ನೋಡು."

ಹುಡುಗಿ ನಗುತ್ತಾ ದೋಣಿ ಇಳಿಸಿದಳು. ತುದಿಯಿಂದ ತುದಿಗೆ ಬೆನ್ನು ಒತ್ತಿದಳು. ತೇಪೆಯ ಜಾಗ ಬಂದಾಗ ಕೈ ಅಲ್ಲೇ ಇಟ್ಟು ಬೆರಳಿನಿಂದ ತಟ್ಟಿದಳು, ಕಿವಿಗೊಟ್ಟು ಕೇಳಿದಳು. "ಚಲೋ ಐತಿ ಮಾವ," ಎಂದು ಮತ್ತೆ ಹೆಗಲಿಗೇರಿಸಿಕೊಂಡು ಹೋದಳು.

ಉಚ್ಚೀರಪ್ಪ ನನ್ನ ಪಕ್ಕಕ್ಕೆ ಬಂದು, ಕಂಬಳಿಯ ತುದಿಯಿಂದ ಮುಖ ಒರೆಸಿಕೊಂಡು, ಮೆಲ್ಲಗೆ ಕೇಳಿದರು.

"ಎರಡು ಸಲ ಮಾವ ಅಂದಳು, ಕೇಳಿದ್ರೇನ್ರೀ ಸರ್?"